ಪುಣೆಯಿಂದ ಬಂದು ತೀರ್ಥಹಳ್ಳಿಯಲ್ಲಿ ಗಾಡಿ ತಗೊಳ್ಳೋದಾದ್ರೆ

ನೀವು ಕೇಳಿದ್ದು ಇಷ್ಟು. ಪುಣೆಯಿಂದ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದು, ಇಲ್ಲೇ ಒಂದು ಸಣ್ಣ ಅಗ್ಗದ ಬೈಕ್ ಕೊಂಡು, ಘಟ್ಟ ಇಳಿದು, ಕರಾವಳಿ ಹಿಡಿದು ಕನ್ಯಾಕುಮಾರಿ ಮುಟ್ಟಿ, ಅದರಲ್ಲೇ ಊರಿಗೆ ವಾಪಸ್ ಹೋಗಬಹುದಾ? ಹೋಗಬಹುದು ಮಾರಾಯ್ರೆ. ಗಾಡಿಗೆ ಅದೇನು ದೊಡ್ಡ ಕೆಲಸ ಅಲ್ಲ. ಸುಸ್ತಾಗೋದು ಕಾಗದಪತ್ರದಲ್ಲಿ.

ನಾನು ಹುಟ್ಟಿದ್ದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಹದಿನೆಂಟು ವರ್ಷದಿಂದ ತೀರ್ಥಹಳ್ಳಿಯಲ್ಲಿದ್ದೇನೆ. 1956ರಲ್ಲಿ ನಮ್ಮ ಊರು ಕೇರಳಕ್ಕೆ ಸೇರಿತು. ಹಾಗಾಗಿ ಮನೆಯೊಳಗೆ ಕನ್ನಡ, ಗಾಡಿಯ ಮೇಲೆ ಕೆಎಲ್ 14. ಶಿವಮೊಗ್ಗದ್ದು ಕೆಎ 14. ನಡುವೆ ಬರುವ ಆಗುಂಬೆ ಘಟ್ಟದ ತಿರುವುಗಳೂ 14. ಅಪ್ಪನ ಗಾಡಿಯನ್ನು ಅಲ್ಲಿಂದ ಇಲ್ಲಿಗೆ ತಂದು ಓಡಿಸಿದವನು ನಾನು. ಒಂದು ರಾಜ್ಯದ ನಂಬರು ಇನ್ನೊಂದು ರಾಜ್ಯದಲ್ಲಿ ಎಷ್ಟು ದಿನ ಅತಿಥಿ, ಯಾವಾಗಿಂದ ಅಪರಾಧಿ ಅನ್ನೋದು ಓದಿ ಕಲಿತದ್ದಲ್ಲ.

ಮೊದಲು ಯಾವ ಗಾಡಿ ಅನ್ನೋದು. ಸ್ಪ್ಲೆಂಡರ್. ಇಲ್ಲ ಅಂದರೆ ಪ್ಲಾಟಿನಾ, ಸಿಟಿ 100. ನಿಮ್ಮ ಮುಖ ಚಿಕ್ಕದಾಗುತ್ತೆ ಅಂತ ಗೊತ್ತು. ಆದರೆ 1994ರಿಂದ ಸ್ಪ್ಲೆಂಡರಿನ ಅದೇ 97.2 ಸಿಸಿ ಎಂಜಿನ್ನು ಈ ದೇಶದ ಹಳ್ಳಿಹಳ್ಳಿಯಲ್ಲಿ ಓಡುತ್ತಿದೆ. ಕೊಂಕಣದಲ್ಲಿರಲಿ, ತಿರುನೆಲ್ವೇಲಿಯಲ್ಲಿರಲಿ, ಅದರ ಕ್ಲಚ್ ಕೇಬಲ್ಲು ಸಿಗದ ಪೇಟೆ ಇಲ್ಲ. ಹಳೇ ಮಾಡೆಲ್ಲಿನಲ್ಲಿ ಹಿಂದೆ ಮುಂದೆ ಎರಡೂ ಚಕ್ರ 18 ಇಂಚು, ಟಯರು 2.75. ಅಂದರೆ ಒಂದೇ ಒಂದು ಟ್ಯೂಬ್ ಚೀಲದಲ್ಲಿದ್ದರೆ ಎರಡು ಚಕ್ರಕ್ಕೂ ಆಯ್ತು. ದೂರದ ದಾರಿಯಲ್ಲಿ ಇಂಥ ಸಣ್ಣ ವಿಷಯವೇ ದೊಡ್ಡದು. ಸ್ಪೋಕ್ ಚಕ್ರದ್ದೇ ನೋಡಿ. ಗುಂಡಿಗೆ ಬಿದ್ದು ರಿಮ್ ಸೊಟ್ಟಾದರೆ ಸೈಕಲ್ ಶಾಪಿನವನೂ ಕಡ್ಡಿ ಬಿಗಿದು ಸರಿ ಮಾಡುತ್ತಾನೆ. ಅಲಾಯ್ ಬಿರುಕು ಬಿಟ್ಟರೆ ಬದಲಿಸುವುದೊಂದೇ ದಾರಿ.

ಯಮಹಾ ಆರ್‌ಎಕ್ಸ್ 100 ಸಿಗುತ್ತಾ ಅಂತಲೂ ಕೇಳಿದ್ದೀರಿ. ಸಿಗುತ್ತೆ, ಒಳ್ಳೇ ಹಸುವಿನ ರೇಟಿಗೆ. 1996ರಲ್ಲಿ ತಯಾರಿಕೆ ನಿಂತ ಗಾಡಿ ಅದು. ಅದೇ ವರ್ಷ ಮೈಸೂರಿನ ಯೆಜ್ಡಿ ಕಾರ್ಖಾನೆಯೂ ಮುಚ್ಚಿತು. ಎರಡನ್ನೂ ಈಗ ಇಟ್ಟುಕೊಂಡವರು ಭಾನುವಾರ ಒರೆಸಿ, ಒಂದು ಸುತ್ತು ಹೊಡೆದು, ಮತ್ತೆ ಬಟ್ಟೆ ಹೊದಿಸುತ್ತಾರೆ. ಕನ್ಯಾಕುಮಾರಿಗೆ ಅದು ಬೇಡ.

ಟಿವಿಎಸ್ ಎಕ್ಸ್‌ಎಲ್ ಮೊಪೆಡ್ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಮಲೆನಾಡಿನ ನಿಜವಾದ ಗಾಡಿ ಅದು. ಹಾಲಿನ ಕ್ಯಾನು, ಹಿಂಡಿ ಮೂಟೆ, ಗೊಬ್ಬರ, ಅಡಿಕೆ ಚೀಲ, ಕೆಲವೊಮ್ಮೆ ಕರು ಕೂಡ. ತೋಟದ ಅಂಚಿನ ಕಾಲುಸಂಕ, ಅಂದರೆ ಹಳ್ಳ ದಾಟುವ ಸಣ್ಣ ಸೇತುವೆ, ಸ್ವಲ್ಪ ಅಗಲವಿದ್ದರೆ ಅದರ ಮೇಲೂ ದಾಟಿಸುತ್ತಾರೆ. ಆದರೆ ಗೇರಿಲ್ಲದ ಗಾಡಿ. ಉದ್ದ ಇಳಿಜಾರಿನಲ್ಲಿ ಎಂಜಿನ್ ಹಿಡಿದು ನಿಲ್ಲಿಸೋದಿಲ್ಲ, ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತೆ. ಊರಿಗೆ ಸೈ, ಘಟ್ಟಕ್ಕೆ ಬೇಡ.

ಈಗ ಎಲ್ಲಿ ಹುಡುಕೋದು? ಪೇಟೆಯಲ್ಲಿ ಹಳೇ ಗಾಡಿ ಮಾರುವ ಕನ್ಸಲ್ಟೆಂಟ್ ಅಂಗಡಿಗಳಲ್ಲಿ ಸಾಲಾಗಿ ನಿಂತಿರುತ್ತವೆ, ಹೊಸ ಸ್ಟಿಕ್ಕರು, ಟಯರಿಗೆ ಕಪ್ಪು ಪಾಲಿಶ್. ಅಲ್ಲಿ ಕೊಳ್ಳಬೇಡಿ ಅಂತಲ್ಲ, ಆದರೆ ನೀವು ನೋಡುವುದು ಗಾಡಿಯನ್ನಲ್ಲ, ಮೇಕಪ್ಪನ್ನು. ಹಳ್ಳಿ ಮನೆಯ ಅಂಗಳದಲ್ಲಿ ನಿಂತ ಗಾಡಿ ಸುಳ್ಳು ಹೇಳೋದಿಲ್ಲ. ಆಯುಧಪೂಜೆಗೆ ಹೊಸ ಗಾಡಿ ಬಂದ ಮನೆಯಲ್ಲಿ ಹಳೇದು ಕೊಟ್ಟಿಗೆ ಸೇರಿರುತ್ತೆ. ಅಡಿಕೆ ಮಾರಿ ಕೈಯಲ್ಲಿ ದುಡ್ಡು ಆಡುವ ಚಳಿಗಾಲದ ಕೊನೆಗೂ ಹಾಗೇ. ಹೋಟೆಲಿನಲ್ಲಿ, ಸೊಸೈಟಿಯಲ್ಲಿ, ಗ್ಯಾರೇಜಿನಲ್ಲಿ ಒಂದು ಮಾತು ಹಾಕಿದರೆ ಸಾಕು. ‘ಗೌಡ್ರ ಮನೇಲಿ ಒಂದಿದೆ, ಕೊಡ್ತಾರೋ ಏನೋ’ ಅಂತ ಮೂರನೇ ದಿನಕ್ಕೆ ಸುದ್ದಿ ಬರುತ್ತೆ. ಹೋದ ತಕ್ಷಣ ರೇಟು ಕೇಳಬೇಡಿ. ಕಾಫಿ ಕುಡಿಯಿರಿ, ಅಡಿಕೆಯ ಕೊಳೆ ರೋಗದ ಬಗ್ಗೆ ಎರಡು ಮಾತಾಡಿ. ‘ಗೌಡ್ರೆ, ಗಾಡಿ ಕೊಡೋದಿದೆಯಂತೆ ಹೌದಾ?’ ಅಂತ ಎದ್ದು ನಿಂತಾಗ ಕೇಳಿ. ಅವರು ‘ಕೊಡಬೇಕು ಅಂತೇನಿಲ್ಲ’ ಅನ್ನುತ್ತಾರೆ. ಹಾಗಂದರೆ ಕೊಡುತ್ತಾರೆ ಅಂತ ಅರ್ಥ.

ತೋಟದ ಗಾಡಿಯನ್ನು ಹೀಗೆ ನೋಡಿ. ಹಿಂದಿನ ಕ್ಯಾರಿಯರ್, ಸೈಲೆನ್ಸರಿನ ಮೇಲ್ಭಾಗ, ಮಡ್‌ಗಾರ್ಡಿನ ಒಳಬದಿ, ಇಲ್ಲೆಲ್ಲಾ ತಿಳಿ ನೀಲಿ ಕಲೆ ಇದೆಯಾ? ಅದು ಬಣ್ಣ ಅಲ್ಲ, ಬೋರ್ಡೋ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಬರದ ಹಾಗೆ ಮೈಲುತುತ್ತ ಸುಣ್ಣ ಕಲೆಸಿ ಹೊಡೆಯುತ್ತೇವಲ್ಲ, ಆ ಔಷಧಿ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತೆ. ಕಲೆಯಿದ್ದ ಕಡೆ ಉಗುರಿನಿಂದ ಕೆರೆದು ನೋಡಿ. ಪುಡಿ ಮಾತ್ರ ಬಂದರೆ ಪರವಾಗಿಲ್ಲ. ಹಾಳೆ ಹಾಳೆಯಾಗಿ ಎದ್ದರೆ ಕ್ಯಾರಿಯರ್ ಜೊತೆಗೆ ಚಾಸಿಯ ಹಿಂಭಾಗವೂ ಹೋಗಿರಬಹುದು. ಸೀಟು ಬಿಚ್ಚಿಸಿ, ಟಾರ್ಚ್ ಬಿಡಿ.

ಇನ್ನೊಂದು, ಕುಂಬಾರ ಹುಳ. ತಿಂಗಳುಗಟ್ಟಲೆ ನಿಂತ ಗಾಡಿಯ ಸಣ್ಣ ಪೈಪುಗಳಲ್ಲಿ ಅದು ಮಣ್ಣು ಮೆತ್ತಿ ಗೂಡು ಕಟ್ಟುತ್ತೆ. ನಾನು ಇಲ್ಲಿ ಕೊಂಡ ಹಳೇ ಗಾಡಿ ಹತ್ತು ನಿಮಿಷ ಓಡಿ ನಿಲ್ಲುತ್ತಿತ್ತು. ಮತ್ತೆ ಕಿಕ್ ಹೊಡೆದರೆ ಶುರು, ಮತ್ತೆ ಹತ್ತು ನಿಮಿಷ. ಪ್ಲಗ್ ಬದಲಿಸಿದೆ, ಕಾರ್ಬೋರೇಟರ್ ತೊಳೆಸಿದೆ. ಕೊನೆಗೆ ಗ್ಯಾರೇಜಿನ ಹುಡುಗ ಟ್ಯಾಂಕಿಗೆ ಗಾಳಿ ಹೋಗುವ ತೂತಿಗೆ ಸೂಜಿ ಹಾಕಿ ಕಡಲೆಕಾಳಿನಷ್ಟು ಒಣ ಮಣ್ಣು ತೆಗೆದ. ಇಪ್ಪತ್ತು ರೂಪಾಯಿ ಕೊಡಕ್ಕೆ ಹೋದರೆ ‘ಬ್ಯಾಡ ಬಿಡಿ’ ಅಂದ.

ರೇಟಿನ ಬಗ್ಗೆ ಜಾಸ್ತಿ ಹೇಳಲಾರೆ. ನಾನು ಕೊಟ್ಟದ್ದು 28 ಸಾವಿರ, ಮೇಲೆ 6 ಸಾವಿರ ರಿಪೇರಿ. ಚೈನ್ ಕಿಟ್, ಎರಡೂ ಬ್ರೇಕಿನ ಲೈನರ್, ಹ್ಯಾಂಡಲ್ಲಿನ ಕೋನ್ ಸೆಟ್, ಟಯರು. ಇಷ್ಟನ್ನು ಕೇಳದೆಯೇ ಬದಲಿಸಿಬಿಡಿ.

ಈಗ ಕಾಗದ. ಆರ್‌ಸಿ, ಅಂದರೆ ನೋಂದಣಿ ಪತ್ರ, ಕೈಗೆ ತಗೊಂಡ ಕೂಡಲೇ ಎರಡು ಜಾಗ ನೋಡಿ. ಒಂದು, ನೋಂದಣಿ ತಾರೀಖು. 15 ವರ್ಷಕ್ಕೆ ಅವಧಿ ಮುಗಿಯುತ್ತೆ. ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹದಿನಾಲ್ಕೂವರೆ ವರ್ಷದ ಗಾಡಿ ಅಗ್ಗಕ್ಕೆ ಸಿಗೋದು ಸುಮ್ನೆ ಅಲ್ಲ. ಎರಡು, ಸಾಲದ ಸಾಲು. ಹೈಪೋಥಿಕೇಷನ್ ಅಂತ ಯಾವುದಾದರೂ ಫೈನಾನ್ಸ್ ಹೆಸರಿದ್ದರೆ ಅಲ್ಲೇ ನಿಲ್ಲಿ. ನಾನು ನಿಲ್ಲಲಿಲ್ಲ. ‘ಸಾಲ ಯಾವಾಗಲೋ ತೀರಿದೆ’ ಅಂದರು, ನಿಜವೇ ಅದು. ಆದರೆ ಆ ಫೈನಾನ್ಸಿನವರು ನಮ್ಮ ಪೇಟೆಯ ಬ್ರಾಂಚ್ ಮುಚ್ಚಿ ಹೋಗಿದ್ದರು. ನಮ್ಮ ಆಕ್ಷೇಪವಿಲ್ಲ ಅನ್ನುವ ಒಂದು ಎನ್‌ಒಸಿ, ಸಾಲ ತೀರಿತು ಅನ್ನುವ ಫಾರಂ 35ಕ್ಕೆ ಒಂದು ಸೀಲು, ಅಷ್ಟಕ್ಕೆ ನಾಲ್ಕು ತಿಂಗಳು ಓಡಾಡಿದೆ. ಅಡಿಕೆ ಸುಲಿಯುವ ಹೊತ್ತಿನಲ್ಲಿ! ಮನೆಯವಳ ಬೈಗುಳ ಬೇರೆ.

ನಿಮಗಿರುವ ದೊಡ್ಡ ತೊಡಕು ವಿಳಾಸ. ಹೆಸರು ಬದಲಿಸುವ ಫಾರಂ 29, 30ಕ್ಕೆ ಮಾರುವವರು ನೀವು ಇಬ್ಬರೂ ಸಹಿ ಹಾಕಿದರೂ, ಗಾಡಿ ನಿಮ್ಮ ಹೆಸರಿಗೆ ಇಲ್ಲಿಯೇ ಆಗಬೇಕಾದರೆ ಇಲ್ಲಿಯ ವಿಳಾಸದ ದಾಖಲೆ ಬೇಕು. ಪುಣೆಯದ್ದೇ ಇದ್ದರೆ ಫಾರಂ 28ರಲ್ಲಿ ಇಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತೆಗೆಸಿ, ಅಲ್ಲಿಯ ಆರ್‌ಟಿಒದಲ್ಲಿ ಹೆಸರು ಬದಲಿಸಿಕೊಳ್ಳಬೇಕು, ತೆರಿಗೆ ಅಲ್ಲಿ ಕಟ್ಟಬೇಕು. ಬೇರೆ ರಾಜ್ಯದಲ್ಲಿ ಗಾಡಿ 12 ತಿಂಗಳು ದಾಟಿ ಉಳಿದರೆ ಹೊಸ ನಂಬರು ಹಾಕಿಸಲೇಬೇಕು, ಅದು ಕಾನೂನು.

‘ಹೆಸರು ಬದಲಿಸದೇ ಓಡಿಸಿದರೆ?’ ಅಂತ ಎಲ್ಲರೂ ಕೇಳುತ್ತಾರೆ. ಓಡಿಸುವವರು ಬೇಕಾದಷ್ಟಿದ್ದಾರೆ. ಆದರೆ ದಾರಿಯಲ್ಲಿ ಯಾರಿಗಾದರೂ ತಾಗಿದರೆ ಸಮನ್ಸ್ ಬರುವುದು ಕಾಫಿ ಕೊಟ್ಟ ಆ ಗೌಡರ ಮನೆಗೆ. ನಿಮ್ಮನ್ನು ಕಂಡೂ ಕೇಳಿಯೂ ಇಲ್ಲದವರು ಗಾಡಿ ಕೊಟ್ಟಿರುತ್ತಾರೆ. ಕೊನೇ ಪಕ್ಷ ಅರ್ಜಿ ಹಾಕಿದ ರಶೀದಿ, ಮಾರಾಟದ ಕಾಗದ, ಚಾಲ್ತಿಯಲ್ಲಿರುವ ಇನ್ಶೂರೆನ್ಸು, ಹೊಗೆ ಸರ್ಟಿಫಿಕೇಟು, ಇವಿಲ್ಲದೆ ಹೊರಡಬೇಡಿ. ಕೇರಳಕ್ಕೆ ದಾಟುವ ತಲಪಾಡಿ ಗಡಿಯಲ್ಲಿ ಕೆಎ ನಂಬರನ್ನು ಸುಮ್ನೆ ಯಾರೂ ತಡೆಯೋದಿಲ್ಲ. ಆದರೆ ತಡೆದ ದಿನ ನಿಮ್ಮ ಮರಾಠಿಯೂ ನಡೆಯಲ್ಲ, ನನ್ನ ಕನ್ನಡವೂ ಅಷ್ಟಕ್ಕಷ್ಟೇ. ಕಾಗದ ಒಂದೇ ಮಾತಾಡೋದು.

ಯಾವಾಗ ಬರೋದು? ಜೂನ್‌ನಿಂದ ಆಗಸ್ಟ್‌ವರೆಗೆ ಬೇಡವೇ ಬೇಡ. ಆಗ ಗಾಡಿ ಅಗ್ಗ, ಯಾಕೆಂದರೆ ಯಾರಿಗೂ ಬೇಡ. ಪುನರ್ವಸು ಮಳೆ ಹಿಡಿದರೆ ಆಗುಂಬೆ ಘಟ್ಟದಲ್ಲಿ ಎದುರಿನ ತಿರುವೇ ಕಾಣೋದಿಲ್ಲ, ಧರೆ ಕುಸಿಯುವ ಭಯ ಬೇರೆ. ಶೂ ಬಿಚ್ಚಿದರೆ ಉಂಬಳ, ರಕ್ತ ಹೀರುವ ಜಿಗಣೆ. ದೀಪಾವಳಿ ಕಳೆದು ಬನ್ನಿ.

ಒಂದು ಆಸೆಯಂತೂ ಇಟ್ಟುಕೊಳ್ಳಬೇಡಿ. ಶರಾವತಿ ಹಿನ್ನೀರಿನಲ್ಲಿ ಲಾಂಚ್ ಮೇಲೆ ಬೈಕ್ ನಿಲ್ಲಿಸಿ ಸಿಗಂದೂರಿಗೆ ದಾಟುವ ಫೋಟೊ ನೋಡಿದ್ದೀರಲ್ಲ, ಅಲ್ಲಿಗೆ 2025ರ ಜುಲೈನಲ್ಲಿ ಸೇತುವೆ ಬಂತು. ದ್ವೀಪದ ಕಡೆಯವರು ಅದಕ್ಕಾಗಿ ಎಷ್ಟು ವರ್ಷ ಕಾದಿದ್ದರು ಅಂತ ಗೊತ್ತಿದ್ದರೆ ಲಾಂಚಿಗಾಗಿ ಬೇಜಾರು ಮಾಡಿಕೊಳ್ಳೋದಿಲ್ಲ.

ಗಾಡಿ ಕೈಗೆ ಬಂದ ಮೇಲೆ ಒಂದು ವಾರ ಇಲ್ಲೇ ಓಡಿಸಿ. ಕೊನೇ ದಿನ ಸಾಮಾನೆಲ್ಲಾ ಕಟ್ಟಿಕೊಂಡು, ಪೂರ್ತಿ ಭಾರದಲ್ಲಿ, ಆಗುಂಬೆ ಇಳಿದು ಸೋಮೇಶ್ವರಕ್ಕೆ ಹೋಗಿ. ಎರಡನೇ ಗೇರಿನಲ್ಲಿ ಇಳಿಸಿ, ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಬುದ್ಧಿ ಬೇಡ. ಕೆಳಗೆ ನಿಲ್ಲಿಸಿ ಹಿಂದಿನ ಬ್ರೇಕಿನ ಡ್ರಮ್ಮಿಗೆ ಅಂಗೈ ಹತ್ತಿರ ಹಿಡಿಯಿರಿ, ಮುಟ್ಟಬೇಡಿ. ಬಿಸಿ ಇದ್ದೇ ಇರುತ್ತೆ. ಸುಟ್ಟ ವಾಸನೆಯೂ ಬಂದರೆ ಒಂದು ಚಾ ಕುಡಿದು, ಬ್ರೇಕ್ ಆರಿದ ನಂತರ ಘಟ್ಟ ಹತ್ತಿ ವಾಪಸ್ ಬನ್ನಿ, ಗ್ಯಾರೇಜಿನ ಹುಡುಗನಿಗೆ ನಾನು ಹೇಳಿರುತ್ತೇನೆ. ವಾಸನೆ ಬರದಿದ್ದರೆ ಹೆಬ್ರಿ ಮೇಲೆ ಹಾಗೇ ಮುಂದಕ್ಕೆ ಹೋಗಿ. ಬದಿಯಡ್ಕದಲ್ಲಿ ನಮ್ಮ ಅಮ್ಮ ಇದ್ದಾರೆ, ಊಟಕ್ಕೆ ಮೊದಲೇ ಫೋನ್ ಮಾಡಿ.