ಫೋನಿನಲ್ಲಿ ಎಲ್ಲರೂ ‘ಮೇಡಂ’ ಅಂತಾರೆ, ಏನು ಮಾಡಲಿ?

ಈ ಸಲ ಬಂದ ಕಾಗದಗಳಲ್ಲಿ ಮೂರು ಒಂದೇ ನೋವಿನವು: ಜನ ಗಂಡನ್ನು ಹೆಣ್ಣು, ಹೆಣ್ಣನ್ನು ಗಂಡು ಅಂತ ತಪ್ಪು ತಿಳಿಯುವ ನೋವು. ಒಂದು ದಾವಣಗೆರೆಯದು, ಒಂದು ಚಿತ್ರದುರ್ಗದ್ದು, ಇನ್ನೊಂದು ಹರಿಹರದ್ದು. ಮೊದಲನೆಯದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಆ ಹುಡುಗನಿಗೆ ಆದದ್ದು ನನಗೂ ಆಗಿದೆ, ಬೇರೆ ರೀತಿಯಲ್ಲಿ.

ಪ್ರಶ್ನೆ: ಅಕ್ಕಾ, ನನಗೆ 22 ವರ್ಷ. ಚೌಕಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಗಡ್ಡ ಮೀಸೆ ಎಲ್ಲ ಬಂದಿದೆ, ದನಿ ಮಾತ್ರ ಒಡೆದೇ ಇಲ್ಲ. ಫೋನ್ ಎತ್ತಿದರೆ ‘ಮೇಡಂ, ಸೀರೆ ಬಂತಾ?’ ಅಂತಾರೆ. ನಾನು ಗಂಡಸು ಅಂದರೆ ನಗುತ್ತಾರೆ. ಹೋದ ತಿಂಗಳು ಮಾಲೀಕರು ‘ನೀನು ಫೋನ್ ಎತ್ತಬೇಡ, ಗೋಡೌನ್ ನೋಡ್ಕೋ’ ಅಂದರು. ಬಲವಂತವಾಗಿ ದಪ್ಪ ದನಿ ಮಾಡಿಕೊಂಡು ಮಾತಾಡುತ್ತೇನೆ, ಸಂಜೆ ಹೊತ್ತಿಗೆ ಗಂಟಲು ಉರಿಯುತ್ತದೆ. ಮನೆಯಲ್ಲಿ ಹೆಣ್ಣು ನೋಡುವ ಮಾತು ಶುರುವಾಗಿದೆ. ಹುಡುಗಿ ಫೋನ್ ಮಾಡಿದರೆ ಏನು ಮಾಡಲಿ? (ಹೆಸರು ಬೇಡ, ದಾವಣಗೆರೆ)

ಉತ್ತರ: ತಮ್ಮಾ, ಇದನ್ನು ಓದುವುದು ನಿಲ್ಲಿಸಿ ಒಂದು ಸಲ ಗಟ್ಟಿಯಾಗಿ ಕೆಮ್ಮು. ಆಮೇಲೆ ಗಂಟಲು ಸರಿ ಮಾಡಿಕೊಳ್ಳುವ ಹಾಗೆ ‘ಹ್ಞಂ’ ಅನ್ನು. ಆ ಸದ್ದು ಹೇಗಿದೆ? ದಪ್ಪವಾಗಿದ್ದರೆ ಕೆಳಗಿನ ದನಿ ನಿನ್ನ ಗಂಟಲಲ್ಲಿ ಆಗಲೇ ಇದೆ ಅನ್ನುವುದಕ್ಕೆ ಅದೊಂದು ಗುರುತು. ಅದು ಇನ್ನೂ ಮಾತಿಗೆ ಇಳಿದಿಲ್ಲ, ಅಷ್ಟೆ.

ಹುಡುಗರು ವಯಸ್ಸಿಗೆ ಬರುವಾಗ ಧ್ವನಿಪೆಟ್ಟಿಗೆ ಬೇಗ ಬೇಗ ಬೆಳೆಯುತ್ತದೆ. ಕತ್ತಿನ ಮುಂದೆ ಉಬ್ಬು ಕಾಣುವುದು ಅದಕ್ಕೇ. ಒಳಗಿನ ಧ್ವನಿತಂತುಗಳು ಉದ್ದ ಆಗುತ್ತವೆ, ದಪ್ಪ ಆಗುತ್ತವೆ. ತಂಬೂರಿಯಲ್ಲಿ ದಪ್ಪ ತಂತಿ ಮೀಟಿದರೆ ಸ್ವರ ಕೆಳಗಿರುತ್ತದಲ್ವಾ, ಹಾಗೆ. ಗಂಡಸು ಮಾತಾಡುವಾಗ ಆ ತಂತುಗಳು ಸಾಮಾನ್ಯವಾಗಿ ಸೆಕೆಂಡಿಗೆ 100ರಿಂದ 130 ಸಲ ಕಂಪಿಸುತ್ತವೆ. ಹೆಂಗಸಿನವು 200 ಸಲದ ಆಸುಪಾಸು. ದನಿ ಒಡೆದಾಗ ಹುಡುಗನ ಸ್ವರ ಹೆಚ್ಚುಕಮ್ಮಿ ಒಂದು ಸ್ಥಾಯಿ, ಅಂದರೆ ಕಂಪನ ಅರ್ಧ ಆಗುವಷ್ಟು, ಕೆಳಗಿಳಿಯುತ್ತದೆ. ಕೆಲವರಲ್ಲಿ ಪೆಟ್ಟಿಗೆ ಬೆಳೆದಿರುತ್ತದೆ, ಮಾತಾಡುವ ರೂಢಿ ಮಾತ್ರ ಚಿಕ್ಕಂದಿನ ಮೇಲಿನ ಸ್ವರದಲ್ಲೇ ಉಳಿದುಬಿಟ್ಟಿರುತ್ತದೆ. ಡಾಕ್ಟರುಗಳು ಇದಕ್ಕೆ ಪ್ಯೂಬರ್‌ಫೋನಿಯಾ ಅನ್ನುತ್ತಾರೆ. ಇದರಲ್ಲಿ ನಿನ್ನ ತಪ್ಪೇನೂ ಇಲ್ಲ. ಮದುವೆಗೂ ಮಕ್ಕಳಾಗುವುದಕ್ಕೂ ಈ ರೂಢಿ ಅಡ್ಡ ಬರುವುದಿಲ್ಲ.

ಆದರೆ ಇದು ನನ್ನ ಊಹೆ. ಗಂಟಲು ನೋಡಿ ಹೇಳಬೇಕಾದವರು ಕಿವಿ ಮೂಗು ಗಂಟಲಿನ ಡಾಕ್ಟರು. ನಮ್ಮ ಊರಿನಲ್ಲೇ ಮೆಡಿಕಲ್ ಕಾಲೇಜುಗಳಿವೆ, ಅಲ್ಲಿ ಆ ವಿಭಾಗ ಇದೆ. ಸಣ್ಣ ಕ್ಯಾಮೆರಾ ಇಳಿಸಿ ತಂತುಗಳನ್ನು ನೋಡುತ್ತಾರೆ. ಹಾರ್ಮೋನು ಕಮ್ಮಿ ಇದೆಯಾ ಅಂತಲೂ ಬೇಕಿದ್ದರೆ ಪರೀಕ್ಷೆ ಮಾಡಿಸುತ್ತಾರೆ. ಎಲ್ಲ ಸರಿ ಇದ್ದರೆ ಮಾತಿನ ಥೆರಪಿಸ್ಟ್ ಹತ್ತಿರ ಕಳಿಸುತ್ತಾರೆ. ನೀನು ಈಗ ಕೆಮ್ಮಿದೆಯಲ್ಲ, ಅವರೂ ಅಲ್ಲಿಂದಲೇ ಹಿಡಿಯುತ್ತಾರೆ. ಕೆಮ್ಮಿನ ಸದ್ದನ್ನು ಎಳೆದು ‘ಆ’ ಅನ್ನಿಸುತ್ತಾರೆ, ಅದನ್ನು ಪದ ಮಾಡಿಸುತ್ತಾರೆ, ಆಮೇಲೆ ವಾಕ್ಯ. ಕತ್ತಿನ ಉಬ್ಬನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು ಮಾತಾಡಿಸುವ ಪದ್ಧತಿಯೂ ಇದೆ. ಅದನ್ನು ವಿಡಿಯೋ ನೋಡಿ ನೀನೇ ಮಾಡಿಕೊಳ್ಳಬೇಡ. ಎಷ್ಟೋ ಜನರಿಗೆ ಕೆಲವೇ ವಾರಗಳಲ್ಲಿ ದನಿ ಕೆಳಗೆ ಬರುತ್ತದೆ. ಥೆರಪಿಯಲ್ಲಿ ಆಗದಿದ್ದರೆ ತಂತುಗಳನ್ನು ಸಡಿಲ ಮಾಡುವ ಥೈರೋಪ್ಲಾಸ್ಟಿ ಅನ್ನುವ ಆಪರೇಷನ್ನೂ ಇದೆ, ಅದು ಕೊನೆಯ ಮಾತು. ಇಲ್ಲಿ ಸಮಾಧಾನ ಆಗಲಿಲ್ಲ ಅಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಈ ಕೆಲಸಕ್ಕೇ ಇರುವ ದೊಡ್ಡ ಸಂಸ್ಥೆ ಅದು.

ಬಲವಂತದ ದಪ್ಪ ದನಿ ಮಾತ್ರ ಇವತ್ತೇ ಬಿಡು. ಗಂಟಲು ಹಿಸುಕಿಕೊಂಡು ದಿನವಿಡೀ ಮಾತಾಡಿದರೆ ತಂತುಗಳಿಗೆ ಪೆಟ್ಟು.

ಈಗ ನನ್ನ ಮಾತು ಹೇಳುತ್ತೇನೆ. ನನಗೆ 38ನೇ ವಯಸ್ಸಿನಲ್ಲಿ ಥೈರಾಯ್ಡ್ ಕಮ್ಮಿಯಾಗಿ ದನಿ ದಪ್ಪ ಆಯಿತು. ಮಾತ್ರೆಯಿಂದ ಸುಸ್ತು ಹೋಯಿತು, ದನಿ ಪೂರ್ತಿ ಹಿಂದಕ್ಕೆ ಬರಲಿಲ್ಲ. ಗ್ಯಾಸ್ ಬುಕ್ ಮಾಡಿದರೆ ‘ಸಾರ್’, ಕೊರಿಯರ್ ಹುಡುಗ ಫೋನ್ ಮಾಡಿದರೆ ‘ಸಾರ್, ಮನೆ ಎಲ್ಲಿ ಬರ್ತದೆ?’ ಅದೆಲ್ಲ ರೂಢಿಯಾಗಿತ್ತು. ಒಂದು ಶನಿವಾರ ಮಂಡಿಪೇಟೆಯಲ್ಲಿ ಅಕ್ಕಿ ತಗೊಂಡು ಬರುವಾಗ ಪರ್ಸ್ ಹೋಯಿತು. ಎಟಿಎಂ ಕಾರ್ಡ್ ಅದರಲ್ಲೇ ಇತ್ತು. ನಿಟುವಳ್ಳಿಯ ಮನೆಗೆ ಓಡಿ ಬಂದು ಬ್ಯಾಂಕಿಗೆ ಫೋನ್ ಮಾಡಿದೆ. ಆ ಕಡೆಯವರು ಹೆಸರು ಕೇಳಿದರು, ಹೇಳಿದೆ.

‘ಸಾರ್, ಇದು ಲೇಡೀಸ್ ಹೆಸರಲ್ಲಿರೋ ಖಾತೆ. ಅವರಿಗೇ ಫೋನ್ ಕೊಡಿ.’

‘ನಾನೇ ಅವರು.’

ಸ್ವಲ್ಪ ಹೊತ್ತು ಸದ್ದಿಲ್ಲ. ಹುಟ್ಟಿದ ದಿನ ಹೇಳಿದೆ, ಅಮ್ಮನ ಹೆಸರು ಹೇಳಿದೆ, ಕೊನೆಯ ಸಲ ಎಷ್ಟು ದುಡ್ಡು ತೆಗೆದೆ ಅಂತಲೂ ಹೇಳಿದೆ. ‘ಸಾರ್, ಸುಮ್ನೆ ಟೈಮ್ ವೇಸ್ಟ್ ಮಾಡಬೇಡಿ’ ಅಂತ ಫೋನ್ ಇಟ್ಟರು. ಪಕ್ಕದ ಮನೆಯ ಹುಡುಗಿ ಆಗ ಒಂಬತ್ತನೇ ಕ್ಲಾಸು. ಬಾಗಿಲಲ್ಲಿ ನಿಂತು ಜಡೆ ಹಾಕಿಕೊಳ್ಳುತ್ತಿದ್ದಳು, ರಿಬ್ಬನ್ ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ಅವಳನ್ನು ಕರೆದೆ. ಪೇಪರ್ ಅಂಚಿನಲ್ಲಿ ನನ್ನ ಹುಟ್ಟಿದ ದಿನ, ಖಾತೆ ನಂಬರು ಬರೆದುಕೊಟ್ಟೆ. ಆ ಮಗು ನನ್ನ ಹೆಸರನ್ನು ತನ್ನದು ಅಂತ ಹೇಳಿತು. ಎರಡು ನಿಮಿಷದಲ್ಲಿ ಕಾರ್ಡ್ ಬಂದ್ ಆಯಿತು. ಫೋನ್ ವಾಪಸ್ ಕೊಡುವಾಗ ಅವಳು ನನ್ನ ಮುಖ ನೋಡಲಿಲ್ಲ. ‘ಸಾರಿ ಆಂಟಿ’ ಅಂದಳು. ಅರ್ಧ ಹಾಕಿದ ಜಡೆ ಹೆಗಲ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಹಾಗೆ ಮಾಡಿಸಿದ್ದು ಸರಿಯಲ್ಲ, ಮಗುವಿನ ಬಾಯಲ್ಲಿ ಸುಳ್ಳು ಹೇಳಿಸಿದ ಹಾಗಾಯಿತು. ಆವತ್ತು ಬೇರೆ ದಾರಿ ಕಾಣಲಿಲ್ಲ. ಅವಳು ಹೋದ ಮೇಲೆ ಅಡುಗೆ ಮನೆಯಲ್ಲಿ ಕೂತು ಅತ್ತೆ. ಸೋಮವಾರ ಬ್ಯಾಂಕಿಗೆ ಹೋಗಿ ನಡೆದದ್ದನ್ನೆಲ್ಲ ಬರೆದುಕೊಟ್ಟೆ.

ಅದಕ್ಕೇ ಗೋಡೌನ್‌ಗೆ ಹೋಗು ಅಂದ ಮಾತು ನಿನಗೆ ಎಲ್ಲಿ ತಾಗಿತು ಅಂತ ನನಗೆ ಗೊತ್ತು.

ಇದಾದ ಮೇಲೆ ನಾನು ಒಂದು ವಿಷಯ ತಿಳಿದುಕೊಂಡೆ. ಹಳೆಯ ಪದ್ಧತಿಯ ಫೋನು ಸೆಕೆಂಡಿಗೆ 300ರಿಂದ 3,400 ಕಂಪನದ ಸದ್ದನ್ನು ಮಾತ್ರ ದಾಟಿಸುತ್ತದೆ. ಗಂಡಸಿನ 100, ಹೆಂಗಸಿನ 200, ಎರಡೂ ಅದಕ್ಕಿಂತ ಕೆಳಗೆ. ಮೇಲೆ ಉಳಿದ ಸ್ವರಗಳನ್ನು ಹಿಡಿದು ಕೇಳುವವರ ಕಿವಿ ಊಹೆ ಮಾಡುತ್ತದೆ. ಈಗಿನ 4ಜಿ ಕರೆಗಳಲ್ಲಿ ಎಷ್ಟೋ ಸುಧಾರಿಸಿದೆ, ಆದರೂ ಮುಖ ಕಾಣುವುದಿಲ್ಲ. ಮತ್ತೆ ನಮ್ಮ ಕನ್ನಡದಲ್ಲಿ ‘ನಾನು ಬಂದೆ’ ಅಂದರೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಹಿಂದಿಯವರು ‘ಬೋಲ್ ರಹಾ ಹೂಂ’, ‘ಬೋಲ್ ರಹೀ ಹೂಂ’ ಅನ್ನುವಾಗಲೇ ಹೇಳಿಬಿಟ್ಟಿರುತ್ತಾರೆ. ನಮ್ಮಲ್ಲಿ ಫೋನ್ ಎತ್ತಿದವರು ಅವರೇ ಹೇಳಬೇಕು. ಆದ್ದರಿಂದ ‘ಹಲೋ’ ಆದ ತಕ್ಷಣ ಅಂಗಡಿ ಹೆಸರು, ಅದರ ಬೆನ್ನಿಗೇ ನಿನ್ನ ಹೆಸರು ಹೇಳು. ಆಮೇಲೂ ‘ಮೇಡಂ’ ಅಂದರೆ ‘ನಾನು ಹುಡುಗ ರೀ, ನನ್ನ ದನಿ ಹೀಗೆ. ಸೀರೆ ಬಂದಿದೆ, ಯಾವ ಬಣ್ಣ ಕೊಡಲಿ?’ ಅಂತ ಒಂದೇ ಉಸಿರಿನಲ್ಲಿ ಮುಂದಕ್ಕೆ ಹೋಗು. ನಾನು ಹೀಗೇ ಮಾಡುತ್ತೇನೆ. ನಡುವೆ ನಿಲ್ಲಿಸಿದರೆ ನಗುವುದಕ್ಕೆ ಜಾಗ ಸಿಗುತ್ತದೆ.

ಗಿರಾಕಿಗಳಿಗೂ ಒಂದು ಮಾತು. ‘ಹೇಳಿ’, ‘ಬಂದರಾ’, ‘ನೋಡಿದರಾ’ ಅಂದರೆ ಸಾಕಲ್ವಾ? ನಮ್ಮ ಭಾಷೆಯಲ್ಲಿ ಮರ್ಯಾದೆಯ ಮಾತಿಗೆ ಗಂಡು ಹೆಣ್ಣು ಇಲ್ಲವೇ ಇಲ್ಲ. ಹೆಸರು ಗೊತ್ತಾಗುವವರೆಗೆ ‘ಸಾರ್’ ಬೇಡ, ‘ಮೇಡಂ’ ಬೇಡ.

ಮಾಲೀಕರ ಹತ್ತಿರ ಅಂಗಡಿ ಮುಚ್ಚುವ ಹೊತ್ತಿನಲ್ಲಿ ಒಬ್ಬನೇ ಹೋಗಿ ಮಾತಾಡು. ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ, ಇಂಥ ದಿನ ರಜೆ ಬೇಕು, ಫೋನ್ ಕೆಲಸ ನನಗೆ ವಾಪಸ್ ಬೇಕು ಅಂತ ಕೇಳು. ಹುಡುಗಿಯ ವಿಷಯಕ್ಕೆ ಬಂದರೆ, ಮೊದಲ ಮಾತು ಎದುರಾಬದುರು ಆಗಲಿ ಅಂತ ಮನೆಯವರಿಗೆ ಹೇಳು. ನಿನ್ನ ಮುಖ ನೋಡಿಕೊಂಡು ನಿನ್ನ ದನಿ ಕೇಳಲಿ. ವಿಷಯ ನೀನೇ ಹೇಳು, ಇನ್ನೊಬ್ಬರ ಬಾಯಿಂದ ಅವಳಿಗೆ ಹೋಗುವುದು ಬೇಡ.

ಇನ್ನೊಂದು ನೆನಪಾಯಿತು. ಚಳ್ಳಕೆರೆ ಕಡೆಯ ನಮ್ಮ ಅಜ್ಜಿ ಊರಿನಲ್ಲಿ ಬಯಲಾಟಕ್ಕೆ ಹೆಣ್ಣು ಪಾತ್ರ ಮಾಡುತ್ತಿದ್ದ ಒಬ್ಬರು ಮಾವ ಇದ್ದರು. ಅವರದೂ ಇಂಥದೇ ದನಿ. ಬೆಳಗಿನ ಜಾವದವರೆಗೆ ಅವರು ಹಾಡಿದರೆ ಹೆಂಗಸರು ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಅದೇ ಮಾವ ಹೊಲಕ್ಕೆ ಗಳೆ ಹೂಡಲು ಹೊರಟರೆ ಎಲ್ಲರೂ ‘ಅಣ್ಣಾ’ ಅಂತಲೇ ಮಾತಾಡಿಸುತ್ತಿದ್ದರು. ಡಾಕ್ಟರು ಎಲ್ಲ ನೋಡಿ, ‘ತೊಂದರೆ ಏನೂ ಇಲ್ಲ, ಬದಲಾಯಿಸುವುದು ಬಿಡುವುದು ನಿನಗೆ ಬಿಟ್ಟದ್ದು’ ಅಂದರೆ, ಬಿಡುವುದೂ ಒಂದು ದಾರಿ. ಥೆರಪಿಯಿಂದ ದನಿ ಇಳಿದರೆ ಮೊದಮೊದಲು ನಿನಗೇ ಅದು ಯಾರದೋ ದನಿ ಅನ್ನಿಸಬಹುದು, ಅಮ್ಮನಿಗೂ ಅನ್ನಿಸಬಹುದು. ಹಾಗಂತ ಹಳೆಯ ದನಿಗೆ ಓಡಬೇಡ, ಮನೆಯಲ್ಲೂ ಹೊಸ ದನಿಯಲ್ಲೇ ಮಾತಾಡು. ಆಮೇಲೆ ನನಗೊಂದು ಕಾಗದ ಬರಿ.

ಪ್ರಶ್ನೆ: ನಾನು 24 ವರ್ಷದ ಹುಡುಗಿ, ಖೋ ಖೋ ಆಡುತ್ತೇನೆ, ಪೊಲೀಸ್ ಪರೀಕ್ಷೆಗೆ ತಯಾರಿ ಮಾಡುತ್ತಿದ್ದೇನೆ. ಎತ್ತರ ಇದ್ದೇನೆ, ಕೂದಲು ಗಿಡ್ಡ. ಕೋಚಿಂಗ್‌ಗೆ ದಾವಣಗೆರೆಗೆ ಬಸ್ಸಿನಲ್ಲಿ ಓಡಾಡುತ್ತೇನೆ. ಹೆಂಗಸರ ಸೀಟಿನಲ್ಲಿ ಕೂತರೆ ‘ಏಳಪ್ಪಾ’ ಅಂತಾರೆ. ಹೋದ ವಾರ ಲೇಡೀಸ್ ಟಾಯ್ಲೆಟ್ ಬಾಗಿಲಲ್ಲಿ ಒಬ್ಬರು ಕೈ ಹಿಡಿದು ಎಳೆದರು. ಅಮ್ಮ ‘ಕೂದಲು ಬಿಡು, ಬೊಟ್ಟು ಇಟ್ಕೋ’ ಅಂತ ದಿನಾ ಹೇಳುತ್ತಾರೆ. (ಚಿತ್ರದುರ್ಗ)

ಉತ್ತರ: ಕೈ ಹಿಡಿದು ಎಳೆದದ್ದು ತಪ್ಪು. ಅವರಿಗೆ ಅನುಮಾನ ಬಂದಿದ್ದರೆ ಬಾಯಲ್ಲಿ ಕೇಳಬಹುದಿತ್ತು. ನೀನು ಮಾಡಬೇಕಾದ ತಪ್ಪೊಪ್ಪಿಗೆ ಏನೂ ಇಲ್ಲ.

ಆದರೂ ದಿನಾ ಜಗಳ ಮಾಡಿಕೊಂಡು ಓಡಾಡುವುದಕ್ಕೆ ಆಗುವುದಿಲ್ಲವಲ್ಲ. ನೀನೇ ಮೊದಲು ಬಾಯಿ ಬಿಡು. ಬಾಗಿಲ ಹತ್ತಿರ ಬರುವಾಗಲೇ ‘ಅಕ್ಕಾ, ಇಲ್ಲಿ ಲೈನ್ ಇದೆಯಾ?’ ಅಂತ ಕೇಳಿದರೆ ಹೆಚ್ಚಿನವರಿಗೆ ದನಿಯಲ್ಲೇ ಗೊತ್ತಾಗುತ್ತದೆ. ಸೀಟಿನಲ್ಲಿ ಕೂರುವಾಗಲೂ ಪಕ್ಕದವರ ಜೊತೆ ಒಂದು ಮಾತು ಆಡು. ಟಿಕೆಟ್‌ಗೆ ಹೇಗೂ ಗುರುತಿನ ಚೀಟಿ ಕೈಯಲ್ಲಿರುತ್ತದೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗಿನಿಂದ ಚೀಟಿ ತೋರಿಸಿಯೇ ನಮ್ಮ ರಾಜ್ಯದ ಹೆಂಗಸರು ಸೊನ್ನೆ ಟಿಕೆಟ್ ತಗೊಳ್ಳುವುದು. ಲಿಂಗತ್ವ ಅಲ್ಪಸಂಖ್ಯಾತರಿಗೂ ಅದರಲ್ಲಿ ಹಕ್ಕಿದೆ. ನಿನ್ನ ಚೀಟಿಯನ್ನು ಕಂಡಕ್ಟರ್ ಎರಡು ಸಲ ತಿರುಗಿಸಿ ನೋಡಿದರೆ ನೋಡಲಿ. ಅದರಲ್ಲಿನ ಫೋಟೊ ಉದ್ದ ಜಡೆಯ ಕಾಲದ್ದಾಗಿದ್ದರೆ ಆಧಾರ್ ಕೇಂದ್ರಕ್ಕೆ ಹೋಗಿ ಹೊಸದು ತೆಗೆಸಿಕೋ. ಇದು ಸಣ್ಣ ಕೆಲಸ, ಆದರೆ ಭರಮಸಾಗರ ದಾಟುವವರೆಗೆ ವಾದ ಮಾಡುವುದು ತಪ್ಪುತ್ತದೆ.

ಅಮ್ಮನಿಗೆ ಇದನ್ನು ಓದಿ ಹೇಳು. ಅಮ್ಮಾ, ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಮಗಳನ್ನು ಯಾರೋ ಕೈ ಹಿಡಿದು ಎಳೆದರು ಅಂದರೆ ಯಾವ ತಾಯಿಗೆ ನಿದ್ದೆ ಬರುತ್ತದೆ? ಆದರೆ ಖೋ ಖೋದಲ್ಲಿ ಮಂಡಿಯೂರಿ ಕೂತು ಎದ್ದು ಓಡುವ ಹುಡುಗಿಗೆ ಗಿಡ್ಡ ಕೂದಲು ಅನುಕೂಲ. ಬೊಟ್ಟು ಅವಳಿಗೆ ಇಷ್ಟವಾದ ದಿನ ಇಟ್ಟುಕೊಳ್ಳಲಿ. ಯಾರೋ ಬಸ್ಸಿನಲ್ಲಿ ಗುರುತು ಹಿಡಿಯಲಿ ಅಂತ ಇಡುವುದು ಬೇಡ. ಅವಳು ಸಂಜೆ ಮನೆಗೆ ಬಂದಾಗ ಕೂದಲಿನ ಮಾತು ತೆಗೆಯುವ ಮೊದಲು ಒಂದು ಸಲ ‘ಇವತ್ತು ಬಸ್ಸಿನಲ್ಲಿ ಯಾರಾದರೂ ಏನಾದರೂ ಅಂದರಾ?’ ಅಂತ ಕೇಳಿ.

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ. ನಾಯಕನಹಟ್ಟಿಗೆ ಮುಡಿ ಹರಕೆ ಇದೆ, ಕೂದಲು ಭುಜದವರೆಗೆ ಬಂದಿದೆ, ಜುಟ್ಟು ಕಟ್ಟುತ್ತೇನೆ. ಎಲ್ಲರೂ ‘ಪುಟ್ಟಿ’ ಅಂತಾರೆ, ಅವನು ಅಳುತ್ತಾನೆ. (ಹರಿಹರ)

ಉತ್ತರ: ಆ ವಯಸ್ಸಿಗೆ ಮಕ್ಕಳಿಗೆ ತಾವು ಹುಡುಗನೋ ಹುಡುಗಿಯೋ ಅಂತ ಚೆನ್ನಾಗಿ ಗೊತ್ತಿರುತ್ತದೆ. ಅವನು ಹೇಳುವುದನ್ನು ದೊಡ್ಡವರು ಕೇಳುತ್ತಿಲ್ಲ ಅಂತ ಅಳುತ್ತಾನೆ. ‘ನಾನು ಹುಡುಗ, ಇದು ದೇವರ ಕೂದಲು’ ಅಂತ ಹೇಳಲು ಕಲಿಸಿ. ಅವನು ಹೇಳಿದಾಗ ನೀವು ಪಕ್ಕದಲ್ಲಿ ನಿಂತು ‘ಹೌದು’ ಅನ್ನಿ. ‘ಹುಡುಗಿ ಥರ ಅಳಬೇಡ’ ಅಂತ ಮಾತ್ರ ಯಾರೂ ಅನ್ನದ ಹಾಗೆ ನೋಡಿಕೊಳ್ಳಿ. ನಮ್ಮ ಮಾತಿನಲ್ಲಿ ‘ಮಗು ಬಂತು, ಕೂಸು ಮಲಗಿತು’ ಅಂತಲೇ ಅನ್ನುವುದು. ಬೀದಿಯವರಿಗೂ ಅಷ್ಟು ಅಂದರೆ ಸಾಕು ಅಂತ ಹೇಳಿ. ಹರಕೆ ಫಾಲ್ಗುಣದ ಜಾತ್ರೆಗೇ ಇದ್ದರೆ, ಹೋಗುವ ಮೊದಲು ಬೋಳು ಮಾಡಿಸಿಕೊಂಡ ಬೇರೆ ಮಗುವನ್ನು ತೋರಿಸಿ. ಕ್ಷೌರ ಆದ ಮೇಲೆ ಕನ್ನಡಿಯಲ್ಲಿ ತನ್ನ ಮುಖ ನೋಡಿ ಇನ್ನೊಂದು ಸಲ ಅಳಬಹುದು. ಒಂದು ಹತ್ತಿಯ ಟೋಪಿ ಚೀಲದಲ್ಲಿ ಇಟ್ಟುಕೊಂಡಿರಿ, ಆ ಹೊತ್ತಿಗೆ ಅಲ್ಲಿ ಬಿಸಿಲು ಜೋರಾಗಿರುತ್ತದೆ.