ನಡುಗುತ್ತಿರುವುದು ಯಾವುದು?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಆರು, ಏಳನೇ ತರಗತಿಯ ಮಕ್ಕಳಿಗೆ ವಾದ್ಯಗಳ ಬಗೆಗಳನ್ನು ಪರಿಚಯಿಸಬೇಕಾಗಿದೆ. ಒಂದು ಪುಸ್ತಕದಲ್ಲಿ ತತ, ಸುಷಿರ, ಅವನದ್ಧ, ಘನ ಎಂದಿದೆ. ಇನ್ನೊಂದರಲ್ಲಿ ಸ್ಟ್ರಿಂಗ್, ವುಡ್‌ವಿಂಡ್, ಬ್ರಾಸ್, ಪರ್ಕಷನ್ ಎಂದಿದೆ. ಯಾವುದನ್ನು ಕಲಿಸಲಿ? ನನಗೆ ಸಂಗೀತ ಬರುವುದಿಲ್ಲ. ವಾದ್ಯ ಎನ್ನುವಂಥದ್ದು ನಮ್ಮ ಶಾಲೆಯಲ್ಲಿ ಇರುವುದು ಜಗಲಿಯಲ್ಲಿ ತೂಗುಹಾಕಿದ ಗಂಟೆಯೊಂದೇ.

ಉತ್ತರ: ಗಂಟೆ ಇದೆಯಲ್ಲ, ಅಲ್ಲಿಂದಲೇ ಶುರು ಮಾಡಿ. ಅದು ನಿಜವಾದ ಗಂಟೆಯೇ ಆಗಿರಲಿ, ಹಳೆಯ ರೈಲುಹಳಿಯ ತುಂಡೇ ಆಗಿರಲಿ, ವ್ಯತ್ಯಾಸವಿಲ್ಲ. ಒಮ್ಮೆ ಬಾರಿಸಿ, ಒಬ್ಬ ಹುಡುಗಿಗೆ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಲು ಹೇಳಿ. ಬೆರಳು ಜುಮ್ಮೆನ್ನುತ್ತದೆ. ಆಮೇಲೆ ಅಂಗೈಯಿಂದ ಒತ್ತಿ ಹಿಡಿಯಲಿ. ನಡುಕ ನಿಂತಿತು, ಅದರ ಜೊತೆಗೇ ಸದ್ದೂ ನಿಂತಿತು. ಆಗ ತರಗತಿಗೆ ಒಂದೇ ಒಂದು ಪ್ರಶ್ನೆ ಕೇಳಿ: 'ಇಲ್ಲಿ ನಡುಗಿದ್ದು ಯಾವುದು?' ವಾದ್ಯ ಯಾವುದರಿಂದ ಮಾಡಿದ್ದು, ಅದನ್ನು ಹೇಗೆ ಹಿಡಿದು ನುಡಿಸುತ್ತಾರೆ ಎನ್ನುವುದೆಲ್ಲ ಆಮೇಲಿನ ಮಾತು.

ತಂತಿ ನಡುಗಿದರೆ ತತ, ಒಳಗಿನ ಗಾಳಿ ನಡುಗಿದರೆ ಸುಷಿರ, ಬಿಗಿದ ಚರ್ಮ ನಡುಗಿದರೆ ಅವನದ್ಧ, ವಾದ್ಯದ ಮೈಯೇ ನಡುಗಿದರೆ ಘನ. ನಿಮ್ಮ ಗಂಟೆ ಘನವಾದ್ಯ. ಭಜನೆಯ ತಾಳ, ಗೆಜ್ಜೆ, ಜಾಗಟೆ ಇವೆಲ್ಲ ಅದರ ಬಳಗ.

ಈ ನಾಲ್ಕರ ವಿಂಗಡಣೆ ಭರತನ ನಾಟ್ಯಶಾಸ್ತ್ರದ 28ನೇ ಅಧ್ಯಾಯದಲ್ಲೇ ಇದೆ. ಹಳೆಯದು ಎಂಬ ಅಭಿಮಾನಕ್ಕಾಗಿ ಅದನ್ನು ಕಲಿಸಿ ಎನ್ನುತ್ತಿಲ್ಲ, ತರ್ಕ ಚೊಕ್ಕವಾಗಿದೆ ಎಂಬುದಕ್ಕೆ ಹೇಳುತ್ತಿದ್ದೇನೆ. 19ನೇ ಶತಮಾನದ ಕೊನೆಯ ಭಾಗದಲ್ಲಿ ಬ್ರಸೆಲ್ಸ್‌ನ ಸಂಗೀತ ಶಾಲೆಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದವರು ವಿಕ್ಟರ್ ಮಹಿಯೋಂ. ಕಲ್ಕತ್ತದ ಸೌರೀಂದ್ರಮೋಹನ ಠಾಕೂರರು ಬೆಲ್ಜಿಯಂ ದೊರೆಗೆ ಕಾಣಿಕೆಯಾಗಿ ಕಳಿಸಿದ್ದ ಭಾರತೀಯ ವಾದ್ಯಗಳ ದೊಡ್ಡ ಸಂಗ್ರಹವೂ ಅಲ್ಲಿತ್ತು. ಲೋಕದ ಎಲ್ಲ ಮೂಲೆಯ ವಾದ್ಯಗಳನ್ನು ಒಂದೇ ಪಟ್ಟಿಗೆ ತರಬೇಕಾದಾಗ ಮಹಿಯೋಂ ಮಾಡಿಕೊಂಡ ನಾಲ್ಕು ಗುಂಪುಗಳು ನಮ್ಮ ನಾಲ್ಕಕ್ಕೆ ಸರಿಯಾಗಿ ಹೊಂದುತ್ತವೆ. ಅದನ್ನೇ ಹಿಗ್ಗಿಸಿ 1914ರಲ್ಲಿ ಹಾರ್ನ್‌ಬೊಸ್ಟೆಲ್ ಮತ್ತು ಸಾಕ್ಸ್ ಎಂಬ ವಿದ್ವಾಂಸರು ಪ್ರಕಟಿಸಿದ ಪದ್ಧತಿಯನ್ನು ವಸ್ತುಸಂಗ್ರಹಾಲಯಗಳು ಇಂದಿಗೂ ಬಳಸುತ್ತವೆ.

ಸ್ಟ್ರಿಂಗ್, ವುಡ್‌ವಿಂಡ್, ಬ್ರಾಸ್, ಪರ್ಕಷನ್ ಎನ್ನುವುದು ಯೂರೋಪಿನ ಆರ್ಕೆಸ್ಟ್ರಾದಲ್ಲಿ ಯಾರು ಎಲ್ಲಿ ಕೂರಬೇಕು ಎಂಬ ವ್ಯವಸ್ಥೆಯಿಂದ ಬೆಳೆದದ್ದು. ಅಲ್ಲಿಗೆ ಅದು ಸರಿ. ಆದರೆ ಅದರಲ್ಲಿ ಒಂದು ಹೆಸರು ವಾದ್ಯದ ಲೋಹವನ್ನು ಹೇಳಿದರೆ ಇನ್ನೊಂದು ಬಾರಿಸುವ ರೀತಿಯನ್ನು ಹೇಳುತ್ತದೆ. ಮಕ್ಕಳಿಗೆ ಮೊದಲ ದಿನವೇ ಈ ಗೊಂದಲ ಬೇಡ.

ಈಗ ನನ್ನ ಅಚ್ಚುಮೆಚ್ಚಿನ ಪ್ರಯೋಗ. ಒಂದು ಗಾಜಿನ ಬಾಟಲಿ ತನ್ನಿ. (ಗೋಲಿಸೋಡಾ ಬಾಟಲಿ ಬೇಡ, ಗೋಲಿ ಅಡ್ಡ ಬರುತ್ತದೆ.) ಕಾಲು ಭಾಗ ನೀರು ತುಂಬಿ ಚಮಚದಿಂದ ಮೆಲ್ಲಗೆ ತಟ್ಟಿ. ನಂತರ ಅರ್ಧ, ಮುಕ್ಕಾಲು. ನೀರು ಹೆಚ್ಚಿದಷ್ಟೂ ಸ್ವರ ಕೆಳಗಿಳಿಯುತ್ತದೆ. ಎಲ್ಲರೂ ಒಪ್ಪಿದ ಮೇಲೆ, ಅದೇ ಬಾಟಲಿಯ ಬಾಯಿಯ ಅಂಚಿಗೆ ಕೆಳದುಟಿ ತಾಗಿಸಿ ಅಡ್ಡಲಾಗಿ ಊದಿ. ಈ ಸಲ ನೀರು ಹೆಚ್ಚಿದಷ್ಟೂ ಸ್ವರ ಮೇಲೇರುತ್ತದೆ! ಊದುವ ಮುನ್ನ ಏನಾಗಬಹುದು ಎಂದು ಕೈ ಎತ್ತಿಸಿ ಕೇಳಿ. ಬಹುತೇಕ ಮಕ್ಕಳು ತಪ್ಪು ಹೇಳುತ್ತಾರೆ. ನಾನು ಕಾಲೇಜಿನಲ್ಲಿ ಕಲಿಸುವಾಗ ಪದವಿ ವಿದ್ಯಾರ್ಥಿಗಳೂ ತಪ್ಪು ಹೇಳುತ್ತಿದ್ದರು.

ತಟ್ಟಿದಾಗ ನಡುಗುವುದು ಗಾಜು. ಅದು ನೀರಿನ ಭಾರ ಹೊತ್ತು ನಡುಗಬೇಕು. ಭಾರ ಹೆಚ್ಚಿದರೆ ನಡುಕ ನಿಧಾನ, ಸ್ವರ ತಗ್ಗು. ಊದಿದಾಗ ನಡುಗುವುದು ನೀರಿನ ಮೇಲಿರುವ ಗಾಳಿ. ನೀರು ಏರಿದರೆ ಗಾಳಿಯ ಜಾಗ ಕುಗ್ಗುತ್ತದೆ, ನಡುಕ ಚುರುಕಾಗುತ್ತದೆ. ಒಂದೇ ಬಾಟಲಿ ತಟ್ಟಿದಾಗ ಘನವಾದ್ಯ, ಊದಿದಾಗ ಸುಷಿರವಾದ್ಯ. ಇದನ್ನು ಕಂಡ ಮಗುವಿಗೆ ನಾಲ್ಕು ಹೆಸರುಗಳನ್ನು ಬಾಯಿಪಾಠ ಮಾಡಿಸುವ ಅಗತ್ಯವೇ ಬೀಳುವುದಿಲ್ಲ.

ತಂತಿವಾದ್ಯಕ್ಕೆ ಟಿಫಿನ್ ಡಬ್ಬಿಯ ಮೇಲೆ ರಬ್ಬರ್ ಬ್ಯಾಂಡ್ ಎಳೆದು ಕಟ್ಟುವ ಪ್ರಯೋಗ ಎಲ್ಲ ಪುಸ್ತಕಗಳಲ್ಲೂ ಇದೆ. ಮಾಡಿ, ಆದರೆ ಎಚ್ಚರಿಕೆ. ಬಿಗಿ ಹೆಚ್ಚಿದರೆ ಸ್ವರ ಏರುತ್ತದೆ ಎಂದು ತೋರಿಸಲು ಹೋದರೆ ರಬ್ಬರ್ ಕೈಕೊಡುತ್ತದೆ. ಎಳೆದಂತೆ ಬಿಗಿಯ ಜೊತೆ ಉದ್ದವೂ ಹೆಚ್ಚುವುದರಿಂದ ಸ್ವರ ನೀವು ಅಂದುಕೊಂಡಷ್ಟು ಏರುವುದಿಲ್ಲ. ಅದಕ್ಕಿಂತ ಒಂದು ಹಲಗೆಗೆ ಎರಡು ಮೊಳೆ ಹೊಡೆದು ಮೀನಿನ ಗಾಳದ ನೈಲಾನ್ ದಾರವನ್ನು ಬಿಗಿಯಾಗಿ ಕಟ್ಟಿ. ಎರಡೂ ತುದಿಗಳಲ್ಲಿ ದಾರದ ಕೆಳಗೆ ಒಂದೊಂದು ಪೆನ್ಸಿಲ್ ತೂರಿಸಿ ಮೀಟಿ. ಆಮೇಲೆ ಎರಡು ಪೆನ್ಸಿಲ್‌ಗಳ ಸರಿಯಾಗಿ ನಟ್ಟನಡುವೆ ದಾರವನ್ನು ಒತ್ತಿ ಹಿಡಿದು ಮೀಟಿ. ಷಡ್ಜ, ಅಂದರೆ ಸರಿಗಮದ 'ಸ', ಹೋಗಿ ಮೇಲಿನ ಷಡ್ಜ ಬರುತ್ತದೆ. ಊರಿನಲ್ಲಿ ಯಾರ ಮನೆಯಲ್ಲಾದರೂ ವೀಣೆಯಿದ್ದರೆ ಟೇಪು ಹಿಡಿದು ಅಳೆಯಲಿ: ತಂತಿಯ ಕೆಳಗೆ ಸಾಲಾಗಿರುವ 24 ಮೆಟ್ಟಿಲುಗಳಲ್ಲಿ ಹನ್ನೆರಡನೆಯದು ಹೆಚ್ಚುಕಡಿಮೆ ತಂತಿಯ ಅರ್ಧಕ್ಕೆ ಬಂದಿರುತ್ತದೆ.

ದಾರದ ಸದ್ದು ಕ್ಷೀಣವಾಗಿದೆ ಎಂದು ಮಕ್ಕಳು ಗೊಣಗಿದರೆ ಒಳ್ಳೆಯದೇ ಆಯಿತು. ಹಲಗೆಯನ್ನು ಮೇಜಿನ ಮೇಲೆ ಒತ್ತಿ ಹಿಡಿದು ಮತ್ತೆ ಮೀಟಲಿ. ತೆಳ್ಳನೆಯ ತಂತಿ ಗಾಳಿಯನ್ನು ತಳ್ಳಲಾರದು, ಅಗಲವಾದ ಮರ ತಳ್ಳಬಲ್ಲದು. ವೀಣೆಯಲ್ಲಿ ತಂತಿಯ ನಡುಕ ಕುದುರೆಯ (ತಂತಿಯನ್ನು ಹೊತ್ತ ಪುಟ್ಟ ಸೇತುವೆಯ) ಮೂಲಕ ಪೊಳ್ಳಾದ ಕೊಡಕ್ಕೆ ಇಳಿದು ಅಲ್ಲಿಂದ ಹೊರಗೆ ಹರಡುತ್ತದೆ. ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿದ್ದರ ಹಿಂದೆಯೂ ಈ ಸದ್ದಿನ ಚಿಂತೆಯೇ ಇತ್ತು. ಮೈಕು ಇಲ್ಲದ ಕಚೇರಿಗಳಲ್ಲಿ ಹಿಂದೆ ಕೂತವರಿಗೂ ಕೇಳಬೇಕಲ್ಲ.

ಊದುವ ವಾದ್ಯಕ್ಕೆ ನಿಮ್ಮ ಜಿಲ್ಲೆಯಲ್ಲಿ ತೆಂಗಿನ ಗರಿಗೆ ಬರವೇ? ಮಕ್ಕಳಿಗೇ ಪೀಪಿ ಸುತ್ತಲು ಹೇಳಿ, ನಿಮಗಿಂತ ಚೆನ್ನಾಗಿ ಸುತ್ತುತ್ತಾರೆ. ಸಣ್ಣ ತುದಿಯನ್ನು ಚಪ್ಪಟೆ ಮಾಡಿ ಊದಿದಾಗ ಆ ಎರಡು ಪದರಗಳು ಬಡಬಡನೆ ಮುಚ್ಚಿ ತೆರೆಯುತ್ತವೆ. ನಾದಸ್ವರದ ತುದಿಯಲ್ಲಿರುವ ಜೋಡಿ ನಾಲಿಗೆಯ ಕೆಲಸವೂ ಇದೇ. ಸುರುಳಿ ಸುತ್ತುತ್ತಾ ಹೋದಂತೆ ಪೀಪಿಯ ಬಾಯಿ ಅಗಲವಾಗುತ್ತದೆ, ನಾದಸ್ವರದ ಆಕಾರವೂ ಹಾಗೆಯೇ. ಒಂದು ಪೀಪಿಯನ್ನು ಗಿಡ್ಡ, ಇನ್ನೊಂದನ್ನು ಉದ್ದ ಮಾಡಿಸಿ. ಉದ್ದನೆಯದು ದಪ್ಪ ದನಿಯಲ್ಲಿ ಕೂಗುತ್ತದೆ.

ಕೊನೆಯದಾಗಿ ಚರ್ಮವಾದ್ಯ. ಡಬ್ಬಿಯ ಬಾಯಿಗೆ ಬಲೂನು ಬಿಗಿದು ನಾಲ್ಕು ಕಾಳು ರವೆ ಉದುರಿಸಿ ಕುಣಿಸಬಹುದು. ಆದರೆ ಊರಿನಲ್ಲಿ ತಮಟೆ ಬಾರಿಸುವವರು ಇದ್ದೇ ಇರುತ್ತಾರೆ, ಅವರನ್ನು ಶಾಲೆಗೆ ಕರೆಯಿರಿ. ಜಾತ್ರೆಯಲ್ಲಿ ಅವರು ಆಗಾಗ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುವುದನ್ನು ಮಕ್ಕಳು ನೋಡಿರುತ್ತಾರೆ, ಏಕೆಂದು ಕೇಳಿರುವುದಿಲ್ಲ. ತೇವ ಆರಿದಂತೆ ಚರ್ಮ ಬಿಗಿಯುತ್ತದೆ, ದನಿ ಏರುತ್ತದೆ. ಅವರೇ ವಿವರಿಸಲಿ. ಕುರ್ಚಿ ಹಾಕಿ ಕೂರಿಸಿ, ವೀಣೆ ವಿದ್ವಾಂಸರು ಬಂದರೆ ಏನೇನು ಮಾಡುತ್ತೀರೋ ಅದನ್ನೆಲ್ಲ ಮಾಡಿ. ಅವರ ಮನೆಯ ಮಗು ನಿಮ್ಮ ತರಗತಿಯಲ್ಲೇ ಕೂತಿರಬಹುದು, ನೋಡುತ್ತಿರುತ್ತದೆ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳು ಶಾಲೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಲಿಯುತ್ತಿದ್ದಾಳೆ. ಅದು ವುಡ್‌ವಿಂಡ್ ಎಂದು ಅವಳ ವಾದ. ಫಳಫಳ ಹೊಳೆಯುವ ಹಿತ್ತಾಳೆಯ ವಾದ್ಯ ಮರದ ಗುಂಪಿಗೆ ಹೇಗೆ ಸೇರಿತು?

ಉತ್ತರ: ಮಗಳು ಗೆದ್ದಳು. ಆ ಪದ್ಧತಿಯಲ್ಲಿ ಬ್ರಾಸ್ ಎಂದರೆ ಹಿತ್ತಾಳೆಯದ್ದು ಎಂದಲ್ಲ, ನುಡಿಸುವವರ ತುಟಿ ನಡುಗುವ ವಾದ್ಯ ಎಂದರ್ಥ. ಟ್ರಂಪೆಟ್ ಹಾಗೆ, ನಮ್ಮ ಕೊಂಬು, ಕಹಳೆಗಳೂ ಹಾಗೆ. ಪೂಜೆಯ ಶಂಖಕ್ಕೆ ಲೋಹದ ಸೋಂಕೇ ಇಲ್ಲದಿದ್ದರೂ ಸದ್ದು ಹುಟ್ಟುವ ಬಗೆಯಲ್ಲಿ ಅದು ಟ್ರಂಪೆಟ್ಟಿನ ದಾಯಾದಿ.

ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದ ಈ ವಾದ್ಯದ ಬಾಯಲ್ಲಿ ಕ್ಲಾರಿನೆಟ್ಟಿನಂತೆ ಒಂಟಿ ನಾಲಿಗೆ ಇದೆ. ಅದನ್ನು ಒಂದು ಬಗೆಯ ಜೊಂಡಿನಿಂದ ಮಾಡುತ್ತಾರೆ. ನಡುಗುವುದು ಅದು, ಆದ್ದರಿಂದ ವುಡ್‌ವಿಂಡ್. ಕೊಳವೆ ಲೋಹದ್ದೋ ಮರದ್ದೋ ಎಂಬುದು ಇಲ್ಲಿ ದೊಡ್ಡ ಸಂಗತಿಯಲ್ಲ.

ಮಗಳಿಗೆ ಇನ್ನೊಂದು ವಿಷಯ ಹೇಳಿ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್ ಹುಟ್ಟಿದ್ದು ನಾದಸ್ವರದ ಮನೆಯಲ್ಲಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿದರು. ದೂರದ ನೆಗೆತ ಎನಿಸುತ್ತದೆ, ಆದರೆ ಭೌತಶಾಸ್ತ್ರದ ಕಣ್ಣಿಗೆ ಅಷ್ಟು ದೂರವೇನಲ್ಲ. ಎರಡರಲ್ಲೂ ನಾಲಿಗೆ ನಡುಗುತ್ತದೆ, ಎರಡರ ಕೊಳವೆಯೂ ಬುಡದತ್ತ ಅಗಲವಾಗುತ್ತದೆ. ಕಷ್ಟವಿದ್ದದ್ದು ಗಮಕದಲ್ಲಿ, ಅಂದರೆ ಸ್ವರವನ್ನು ಜಾರಿಸಿ ತೂಗಿಸುವುದರಲ್ಲಿ. ನಾದಸ್ವರದ ರಂಧ್ರವನ್ನು ಬೆರಳಿನಿಂದ ಅರೆಬರೆ ಮುಚ್ಚಿ ಸ್ವರವನ್ನು ಜಾರಿಸಬಹುದು. ಸ್ಯಾಕ್ಸೊಫೋನಿನ ಕೀಲಿಗಳು ಮುಚ್ಚುತ್ತವೆ ಅಥವಾ ತೆರೆಯುತ್ತವೆ, ನಡುವಣ ದಾರಿ ಸುಲಭವಲ್ಲ. ಅದನ್ನು ಪಳಗಿಸಲು ಅವರಿಗೆ ವರ್ಷಗಟ್ಟಲೆ ಸಾಧನೆ ಬೇಕಾಯಿತು. ಇಂದು ಕರಾವಳಿಯ ಮದುವೆಗಳಲ್ಲಿ ಸ್ಯಾಕ್ಸೊಫೋನ್ ಯಾರಿಗೂ ಹೊರಗಿನದು ಎನಿಸುವುದಿಲ್ಲ.

ಪ್ರಶ್ನೆ: ನಾನು ಒಂಬತ್ತನೇ ತರಗತಿ. ಮೃದಂಗದ ಬಲಗಡೆ ಮಧ್ಯದಲ್ಲಿ ಕಪ್ಪು ಮೆತ್ತಿರುವುದು ಏಕೆ? ಡೊಳ್ಳಿಗೆ ಏಕಿಲ್ಲ?

ಉತ್ತರ: ಆ ಕಪ್ಪಿಗೆ ಕರಣೆ ಎನ್ನುತ್ತಾರೆ. ಕಬ್ಬಿಣದ ಅಂಶವಿರುವ ಕಲ್ಲಿನ ನುಣ್ಣನೆಯ ಪುಡಿಯನ್ನು ಅನ್ನದ ಅಂಟಿನಲ್ಲಿ ಕಲಸಿ, ಪದರದ ಮೇಲೆ ಪದರವಾಗಿ ತೀಡಿ ಒಣಗಿಸಿರುತ್ತಾರೆ. ನಡುವೆ ದಪ್ಪ, ಅಂಚಿಗೆ ತೆಳು.

ತಂತಿಯನ್ನು ಮೀಟಿದಾಗ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಉಪಸ್ವರಗಳೂ ಇರುತ್ತವೆ. ಈ ಪೂರ್ಣಾಂಕಗಳ ಹೊಂದಾಣಿಕೆಯಿಂದಲೇ ಕಿವಿಗೆ ಅದು ಸ್ಪಷ್ಟ ಸ್ವರ ಎನಿಸುವುದು. ಬರಿಯ ಚರ್ಮದ ಲೆಕ್ಕ ಬೇರೆ. ಅದರ ಉಪಸ್ವರಗಳು ಮೂಲದ 1.59, 2.14, 2.30 ಪಟ್ಟು, ಹೀಗೆ ಒಂದಕ್ಕೊಂದು ತಾಳೆಯಾಗದೆ ಹೋಗುತ್ತವೆ. ಆದ್ದರಿಂದ ಡೊಳ್ಳು ಗುಡುಗುತ್ತದೆ, ಸ್ವರ ಹಿಡಿಯುವುದಿಲ್ಲ. ಡೊಳ್ಳು ಕುಣಿತಕ್ಕೆ ಬೇಕಾದದ್ದು ಗುಡುಗೇ, ಹಾಗಾಗಿ ಅದು ಕೊರತೆಯಲ್ಲ.

ಕರಣೆಯ ಭಾರ ನಡುವೆ ಕುಳಿತು ಈ ಹೊಂದದ ಉಪಸ್ವರಗಳನ್ನು ಎಳೆದು ಪೂರ್ಣಾಂಕಗಳ ಸಾಲಿಗೆ ತರುತ್ತದೆ. ಇದನ್ನು ವಿಜ್ಞಾನಲೋಕಕ್ಕೆ ತೋರಿಸಿಕೊಟ್ಟವರು ಸಿ.ವಿ. ರಾಮನ್. 1920ರಲ್ಲಿ ಶಿವಕಾಳಿ ಕುಮಾರ್ ಜೊತೆ ಬರೆದ ಚಿಕ್ಕ ಲೇಖನದಲ್ಲಿ ವಿಷಯ ಮಂಡಿಸಿದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ವಿಸ್ತಾರವಾಗಿ ಬರೆದರು. ಚರ್ಮದ ಮೇಲೆ ನುಣುಪಾದ ಮರಳು ಉದುರಿಸಿ ಬಾರಿಸಿದರೆ, ಚರ್ಮ ನಡುಗದೆ ನಿಂತ ಗೆರೆಗಳಲ್ಲಿ ಮರಳು ಸಾಲಾಗಿ ಕೂರುತ್ತದೆ. ಆ ಗೆರೆಗಳನ್ನು ಓದಿ ಅವರು ಕಂಡುಕೊಂಡದ್ದು: ಚರ್ಮದ ಒಂಬತ್ತು ಬಗೆಯ ನಡುಕಗಳು ಸೇರಿ ಐದೇ ಸ್ವರಗಳಾಗುತ್ತವೆ, ಐದೂ ಪೂರ್ಣಾಂಕದ ಸಾಲಿನವು. ಸಮೀಕರಣ ಬರೆಯದೆ, ಬರಿಯ ಕಿವಿಯ ಆಸರೆಯಲ್ಲಿ ಕರಣೆ ಹಾಕುತ್ತಾ ಬಂದ ಕುಶಲಕರ್ಮಿಗಳು ಇದನ್ನು ಶತಮಾನಗಳ ಹಿಂದೆಯೇ ಸಾಧಿಸಿದ್ದರು.

ಮುಂದಿನ ಸಲ ಕಚೇರಿಗೆ ಹೋದರೆ ಸ್ವಲ್ಪ ಮೊದಲೇ ಹೋಗು. ಮೃದಂಗದವರು ಎಡಗಡೆಗೆ ಕಲಸಿದ ರವೆ ಮೆತ್ತುವುದನ್ನೂ, ಬಲಗಡೆಯ ಅಂಚನ್ನು ಗುಂಡುಕಲ್ಲಿನಿಂದ ತಟ್ಟಿ ಶ್ರುತಿಗೆ ತರುವುದನ್ನೂ ಹತ್ತಿರದಿಂದ ನೋಡಬಹುದು.

ಪ್ರಶ್ನೆ: ಘಟ, ಹಾರ್ಮೋನಿಯಂ, ಕೀಬೋರ್ಡ್: ಈ ಮೂರು ಯಾವ ಗುಂಪಿಗೆ? ರಸಪ್ರಶ್ನೆಯೊಂದರಲ್ಲಿ ಜಗಳವಾಯಿತು.

ಉತ್ತರ: ಘಟ ಘನವಾದ್ಯ. ಮೃದಂಗದ ಪಕ್ಕದಲ್ಲಿ ಕೂರುತ್ತದೆ ಎಂದು ಅವನದ್ಧಕ್ಕೆ ಸೇರಿಸಿದವರು ಅದರಲ್ಲಿ ಚರ್ಮ ಎಲ್ಲಿದೆ ಎಂದು ತೋರಿಸಲಿ. ಪಕ್ಕದ ಮೋರ್ಸಿಂಗೂ (ಬಾಯಿಗೆ ಹಿಡಿದು ಮೀಟುವ ಪುಟ್ಟ ಲೋಹದ ವಾದ್ಯ) ಘನವೇ.

ಹಾರ್ಮೋನಿಯಂ, ಉತ್ತರ ಕರ್ನಾಟಕದವರ ಪೇಟಿ, ಸುಷಿರ ಎಂದೇ ಲೆಕ್ಕ. ತಿದಿಯ ಗಾಳಿ ನುಗ್ಗಿದಾಗ ಒಳಗಿನ ಹಿತ್ತಾಳೆಯ ನಾಲಿಗೆಗಳು ತಮ್ಮ ಸೀಳಿನಲ್ಲಿ ಹಿಂದೆ ಮುಂದೆ ಆಡಿ ಗಾಳಿಯನ್ನು ಕತ್ತರಿಸುತ್ತವೆ. ಆದರೆ ಕೊಳಲಿನಂತೆ ಇಲ್ಲಿ ಗಾಳಿಯ ಉದ್ದ ಸ್ವರವನ್ನು ನಿರ್ಧರಿಸುವುದಿಲ್ಲ, ನಾಲಿಗೆಯ ಅಳತೆಯೇ ನಿರ್ಧರಿಸುತ್ತದೆ. ಆದ್ದರಿಂದ 'ಲೋಹ ನಡುಗುತ್ತದೆ, ಘನ' ಎಂದ ಮಗುವಿಗೆ ನಾನಾದರೆ ಅರ್ಧ ಅಂಕ ಕೊಡುತ್ತಿದ್ದೆ.

ಕೀಬೋರ್ಡಿಗೆ ನಾಲ್ಕರಲ್ಲಿ ಜಾಗವಿಲ್ಲ. ಮೇಲೆ ಹೇಳಿದ 1914ರ ಪದ್ಧತಿಯ ಸಾಕ್ಸ್ ಅವರೇ 1940ರಲ್ಲಿ ವಿದ್ಯುತ್ ವಾದ್ಯಗಳಿಗೆಂದು ಐದನೇ ಗುಂಪು ಸೇರಿಸಿದರು. ನಡುಗುವುದು ಯಾವುದು ಎಂದು ಅಲ್ಲಿಯೂ ಕೇಳಬಹುದು: ಹಾಡುತ್ತಿರುವ ಸ್ಪೀಕರಿನ ಕಾಗದದ ಕೋನಿಗೆ ಬೆರಳು ತಾಗಿಸಿದರೆ ಶಾಲೆಯ ಗಂಟೆಯದ್ದೇ ಜುಮ್ಮು.