ಬರೆದುಕೊಟ್ಟ ಕಲ್ಪನಾಸ್ವರ

ಹಾಸನ ಜಿಲ್ಲೆಯ ಸಂಗೀತ ಶಿಕ್ಷಕಿಯೊಬ್ಬರು ನಾಲ್ಕು ಪುಟಗಳ ಕಾಗದ ಬರೆದಿದ್ದಾರೆ. ಒಂಬತ್ತು ವರ್ಷ ತಮ್ಮಲ್ಲಿ ಕಲಿತ ಶಿಷ್ಯೆ ಕರ್ನಾಟಕ ಸಂಗೀತ ಗಾಯನದ ಅಂತಿಮ ಪ್ರಾಯೋಗಿಕ ಪರೀಕ್ಷೆಗೆ ಹೋಗಿ, ಇಪ್ಪತ್ತೇ ನಿಮಿಷಗಳಲ್ಲಿ ಹೊರಗೆ ಬಂದಳಂತೆ. ಪರೀಕ್ಷಕರು ವರ್ಣವನ್ನು ಅದರ ಎರಡನೆಯ ಭಾಗವಾದ ಅನುಪಲ್ಲವಿಗೆ ನಿಲ್ಲಿಸಿದರು, ಕಲ್ಯಾಣಿ ರಾಗದ ಆಲಾಪನೆ ಮೂರು ನಿಮಿಷವಾಗುತ್ತಿದ್ದಂತೆ ಸಾಕೆಂದರು, ಹಾಡುವವರು ಆ ಕ್ಷಣದಲ್ಲೇ ಕಲ್ಪಿಸಿ ಹಾಡಬೇಕಾದ ಕಲ್ಪನಾಸ್ವರವನ್ನು ಎರಡು ಆವರ್ತಕ್ಕೆ, ಅಂದರೆ ತಾಳದ ಎರಡು ಸುತ್ತಿಗೆ, ಮುಗಿಸಿದರು. ಬಂದ ಅಂಕಗಳು ಗುರು ಶಿಷ್ಯೆಯರಿಬ್ಬರನ್ನೂ ಕಂಗೆಡಿಸಿವೆ. ಯಾವ ಅಂಶಕ್ಕೆ ಎಷ್ಟು ಅಂಕವೆಂದು ಮೊದಲೇ ಪ್ರಕಟಿಸಬೇಕು, ಪರೀಕ್ಷೆಯನ್ನು ಧ್ವನಿಮುದ್ರಿಸಬೇಕು, ಮರುಮೌಲ್ಯಮಾಪನಕ್ಕೆ ಅವಕಾಶವಿರಬೇಕು ಎಂಬುದು ಅವರ ಬೇಡಿಕೆ. ಇದು ಅತಿಯಾಸೆಯೇ ಎಂದು ಕೇಳಿದ್ದಾರೆ.

ಮಾನ್ಯರೇ, ಖಂಡಿತ ಅತಿಯಾಸೆಯಲ್ಲ. ಶ್ರುತಿ, ಲಯ, ಗುರುವಿನಿಂದ ಕಲಿತ ಪಾಠಾಂತರ, ತಾನೇ ಬೆಳೆಸಿ ಹಾಡುವ ಮನೋಧರ್ಮ ಇವುಗಳಿಗೆ ಅಂಕಗಳನ್ನು ಹಂಚಿಡುವುದರಿಂದ ಪರೀಕ್ಷಕರ ಮರ್ಜಿಗೆ ಒಂದು ಲಗಾಮು ಬೀಳುತ್ತದೆ. ಇಬ್ಬರು ಪರೀಕ್ಷಕರಿದ್ದರೆ ಪರಸ್ಪರ ಮಾತನಾಡುವ ಮೊದಲೇ ತಂತಮ್ಮ ಅಂಕಗಳನ್ನು ಬರೆದಿಡಬೇಕೆಂಬುದನ್ನೂ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ. ಇಷ್ಟಕ್ಕೆ ನನ್ನ ಪೂರ್ಣ ಸಮ್ಮತಿಯಿದೆ.

ಆದರೆ ನನ್ನ ಮನಸ್ಸು ನಿಂತದ್ದು ನಿಮ್ಮ ಕಾಗದದ ಮೂರನೆಯ ಪುಟದಲ್ಲಿ. "ಕಲ್ಯಾಣಿಗೆ ಎಂಟು ಆವರ್ತದ ಕಲ್ಪನಾಸ್ವರವನ್ನು ನಾನೇ ಬರೆದುಕೊಟ್ಟು, ಮಲಗಿದಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂತೆ ಉರು ಹೊಡೆಸಿದ್ದೆ, ಅದನ್ನಾದರೂ ಪೂರ್ತಿ ಹಾಡಲು ಬಿಡಬಾರದಿತ್ತೇ?" ಎಂದು ನೀವು ನೊಂದು ಬರೆದಿದ್ದೀರಿ. ನೀವು ಇದನ್ನು ಮುಚ್ಚಿಡದೆ ಬರೆದದ್ದು ನಿಮ್ಮ ಪ್ರಾಮಾಣಿಕತೆ. ನೂರಾರು ಶಿಕ್ಷಕರು ಮಾಡುತ್ತಿರುವುದು ಇದನ್ನೇ ಎಂಬುದನ್ನೂ ಬಲ್ಲೆ. ಆದರೂ ಒಂದು ಮಾತನ್ನು ಹೇಳಲೇಬೇಕು. ಬರೆದುಕೊಟ್ಟ ಮೇಲೆ ಅದು ಕಲ್ಪನಾಸ್ವರವಾಗಿ ಉಳಿಯುವುದಿಲ್ಲ, ಮೊದಲೇ ಕಟ್ಟಿಟ್ಟ ಇನ್ನೊಂದು ಚಿಟ್ಟೆಸ್ವರವಾಗುತ್ತದೆ. ಅನುಭವಿ ಪರೀಕ್ಷಕರಿಗೆ ಅದು ಎರಡನೆಯ ಆವರ್ತದಲ್ಲೇ ತಿಳಿದುಬಿಡುತ್ತದೆ, ಏಕೆಂದರೆ ಹುಡುಗಿ ಸಾಹಿತ್ಯ ಎತ್ತಿಕೊಳ್ಳುವ ಜಾಗವಾದ ಎಡುಪಿಗೆ ಬಂದು ಸೇರುವಾಗ ಹುಡುಕಾಟವೇ ಇರುವುದಿಲ್ಲ. ಮುಂದಿನ ಸಾಲು ಯಾವುದೆಂದು ನೆನಪಿಸಿಕೊಳ್ಳುವ ಕಣ್ಣಷ್ಟೇ ಇರುತ್ತದೆ. ನಿಮ್ಮ ಶಿಷ್ಯೆಯನ್ನು ಅಲ್ಲಿ ತಡೆದವರು ಅವಸರದಿಂದಲೇ ತಡೆದಿರಬಹುದು. ಆದರೆ ಅವರು ಬಿಟ್ಟಿದ್ದರೂ ಉಳಿದ ಆರು ಆವರ್ತಗಳಲ್ಲಿ ಅವರಿಗೆ ಕೇಳುತ್ತಿದ್ದದ್ದು ನೀವೇ ಹೊರತು ಆ ಹುಡುಗಿಯಲ್ಲ.

ಸುಮಾರು ಮೂವತ್ತೈದು ವರ್ಷಗಳ ಹಿಂದೆ, ಸಹಪಾಠಿಯೊಬ್ಬಳ ಅಂತಿಮ ಪರೀಕ್ಷೆಗೆ ತಂಬೂರಿ ಮೀಟಲು ನಾನು ಜೊತೆಯಲ್ಲಿ ಹೋಗಿದ್ದೆ. ಬೆಳಿಗ್ಗೆ ಅವಳ ಐದೂವರೆ ಮನೆ ಶ್ರುತಿಗೆ ಕೂಡಿಸಿದ್ದ ತಂಬೂರಿ ಬಸ್ಸಿನ ಕುಲುಕಾಟಕ್ಕೆ ಇಳಿದುಹೋಗಿತ್ತು. ನಾನು ಬಿರಡೆ ತಿರುಗಿಸುತ್ತ ಬೆವರುತ್ತಿದ್ದೆ, ಅವಳ ಬಾಯಿ ಒಣಗಿತ್ತು. ಹಿರಿಯ ಪರೀಕ್ಷಕರು ಪೆನ್ನಿಗೆ ಮುಚ್ಚಳ ಹಾಕಿ ಎದ್ದು ಬಂದು, ತಂಬೂರಿ ತಂತಿಯ ಕೆಳಗಿನ ಜೀವಾಳಿಯ ದಾರವನ್ನು ತಾವೇ ಕೂದಲೆಳೆಯಷ್ಟು ಸರಿಸಿ, "ನಮಗೇನೂ ಅವಸರವಿಲ್ಲಮ್ಮ, ಷಡ್ಜ ಕೂಡಿಕೊಳ್ಳಲಿ" ಎಂದರು. ಭೈರವಿಯ ಅಟತಾಳದ ವರ್ಣವನ್ನು ಕೇಳಿದರು. ಆ ತಾಳದ ಒಂದು ಸುತ್ತಿಗೆ ಐದೈದು ಅಕ್ಷರಗಳ ಎರಡು ಲಘು, ಎರಡೆರಡು ಅಕ್ಷರಗಳ ಎರಡು ದ್ರುತ, ಒಟ್ಟು 14 ಅಕ್ಷರ. ಎರಡನೆಯ ಕಾಲದಲ್ಲಿ, ಅಂದರೆ ದುಪ್ಪಟ್ಟು ವೇಗದಲ್ಲಿ, ಅವಳ ಕೈ ಮೊದಲ ದ್ರುತದಲ್ಲೇ ತಪ್ಪಿತು. ಅವರು ಮುಖ ಗಂಟಿಕ್ಕಲಿಲ್ಲ, "ಮತ್ತೆ ತಗೋ" ಎಂದರು, ಅವಳು ಮತ್ತೆ ಎತ್ತಿಕೊಂಡಳು.

ವರ್ಣ ಮುಗಿದ ಮೇಲೆ ಅವರು ಕೇಳಿದ ಪ್ರಶ್ನೆ ನನಗೆ ಇಂದಿಗೂ ಕಿವಿಯಲ್ಲಿದೆ: "ಈಗ ಭೈರವಿಯಲ್ಲಿದ್ದೀಯ, ಮುಖಾರಿಗೆ ಹೋಗು. ಎಲ್ಲಿ ಬೇರೆಯಾದೆ ಅಂತ ನನಗೆ ಕೇಳಿಸಬೇಕು." ಎರಡೂ ರಾಗಗಳಲ್ಲಿ ಏರುವಾಗ ಚತುಶ್ರುತಿ ಧೈವತ, ಇಳಿಯುವಾಗ ಶುದ್ಧ ಧೈವತ, ಇಳಿಕೆಯ ಸ್ವರಕ್ರಮವಾದ ಅವರೋಹಣವಂತೂ ಕಾಗದದ ಮೇಲೆ ಒಂದೇ. ಲಕ್ಷಣವನ್ನು ಬಾಯಿಪಾಠ ಒಪ್ಪಿಸಿ ಈ ಪ್ರಶ್ನೆಯಿಂದ ಪಾರಾಗಲು ಸಾಧ್ಯವಿರಲಿಲ್ಲ. ಅವಳು ಅರ್ಧ ನಿಮಿಷ ಸುಮ್ಮನೆ ಕುಳಿತಳು, ಅವರೂ ಸುಮ್ಮನೆ ಕಾದರು. ಆಮೇಲೆ ಭೈರವಿಯ ಏರಿಕೆಯಲ್ಲಿರುವ ಗಾಂಧಾರವನ್ನು ಬಿಟ್ಟು ರಿಷಭದಿಂದ ಮಧ್ಯಮಕ್ಕೆ ಏರಿ, "ರಿ ಮ ಪ, ನಿ ದ ಸ" ಎಂದು ನಿಧಾನವಾಗಿ ಷಡ್ಜ ಮುಟ್ಟಿದಳು. ಅಲ್ಲಿಯವರೆಗೆ ಅಂಕಪಟ್ಟಿಯತ್ತ ಬಗ್ಗಿದ್ದ ಇನ್ನೊಬ್ಬ ಪರೀಕ್ಷಕರು ತಲೆಯೆತ್ತಿ ನೋಡಿದರು. ಅವಳಿಗೆ ಮೊದಲ ದರ್ಜೆ ಬರಲಿಲ್ಲ. ಆದರೆ ಆ ಐವತ್ತು ನಿಮಿಷಗಳಲ್ಲಿ ಕಲಿತದ್ದನ್ನು ಅವಳು ಈಗಲೂ ತನ್ನ ಶಿಷ್ಯರಿಗೆ ಹೇಳುತ್ತಾಳೆ. ಆ ಅರ್ಧ ನಿಮಿಷದ ಮೌನಕ್ಕೆ ನಿಮ್ಮ ಅಂಕ ಹಂಚಿಕೆಯ ಯಾವ ಕಲಂನಲ್ಲಿ ಜಾಗವಿದೆ, ಹೇಳಿ.

ಅಂತಿಮ ಪರೀಕ್ಷೆಯೆಂದರೆ ಒಂದು ಸಂಗೀತ ಕಛೇರಿಯಾಗಿರಬೇಕು ಎಂದು ನಾನು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಒಂದೂವರೆ ಗಂಟೆ, ಪಿಟೀಲು ಮೃದಂಗಗಳ ಪಕ್ಕವಾದ್ಯ, ಎದುರಿಗೆ ಕೆಳಗಿನ ತರಗತಿಗಳ ಮಕ್ಕಳು ಮತ್ತು ಊರಿನ ರಸಿಕರು ಇರಲಿ. ಮುಖ್ಯ ರಾಗವನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳಲಿ, ಇನ್ನೊಂದನ್ನು ಪರೀಕ್ಷಕರು ಅಲ್ಲೇ ಕೊಡಲಿ. ಇದು ಆಗದ ಹೋಗದ ಮಾತಲ್ಲ. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಆರಂಭಿಸಿದ ಗಾಂಧರ್ವ ಮಹಾವಿದ್ಯಾಲಯದ ಪರಂಪರೆಯ ಪರೀಕ್ಷೆಗಳಿಗೆ ನಮ್ಮ ಧಾರವಾಡ, ಹುಬ್ಬಳ್ಳಿ ಕಡೆಯ ಹಿಂದುಸ್ತಾನಿ ವಿದ್ಯಾರ್ಥಿಗಳು ಇಂದಿಗೂ ಕೂರುತ್ತಾರೆ. ಅಲ್ಲಿ ವಿಶಾರದ, ಅಲಂಕಾರಗಳಂಥ ಮೇಲಿನ ಹಂತಗಳಲ್ಲಿ ವೇದಿಕೆಯ ಮೇಲೆ ಹಾಡಿ ತೋರಿಸುವ ಮಂಚಪ್ರದರ್ಶನವೆಂಬ ಭಾಗವೇ ಇದೆ. ಸಭೆಯ ಮುಂದೆ ಕುಳಿತಾಗ ಮಗು ಎಲ್ಲಿ ಹೆದರಿತು, ಹೆದರಿದ ಮೇಲೆ ಹೇಗೆ ಸಾವರಿಸಿಕೊಂಡಿತು, ಪಿಟೀಲಿನವರು ರಾಗವನ್ನು ಮರಳಿಸಿದಾಗ ಕಿವಿಗೊಟ್ಟಿತೋ ಇಲ್ಲವೋ, ಇವೆಲ್ಲ ಕಾಣುತ್ತವೆ. ಮುಚ್ಚಿದ ಕೋಣೆಯಲ್ಲಿ ಮೇಜಿನ ಆಚೆ ಈಚೆ ಕುಳಿತಾಗ ಇವು ಯಾವುವೂ ಕಾಣುವುದಿಲ್ಲ.

ಸಿದ್ಧತೆಯ ವಿಷಯಕ್ಕೆ ಬಂದರೆ, ಪರೀಕ್ಷೆಗೆ ಮುಂಚಿನ ಆರು ತಿಂಗಳಲ್ಲಿ ದಿನಕ್ಕೆರಡು ಕೃತಿಗಳಂತೆ ಪಠ್ಯವನ್ನೆಲ್ಲ ತಿರುವಿಹಾಕಿಸಿದೆನೆಂದು ಬರೆದಿದ್ದೀರಿ. ಅಷ್ಟು ಕೃತಿಗಳನ್ನು ಹೇರಿದ ಪಠ್ಯಕ್ರಮದ ತಪ್ಪೂ ಇದರಲ್ಲಿದೆ. ಆದರೆ ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಮುಂದೆ ಕುಳಿತು ಕಲಿತದ್ದನ್ನು ನೆನೆಯಿರಿ. ಮೈಸೂರು ವಾಸುದೇವಾಚಾರ್ಯರು ಅರಮನೆಯ ನೆರವಿನಿಂದ ತಿರುವಯ್ಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಮನೆಯಲ್ಲೇ ಇದ್ದು ಕಲಿತದ್ದನ್ನು ನೆನೆಯಿರಿ. ಗುರು ಹಾಡುವಾಗ ಕೇಳುತ್ತ ಕೇಳುತ್ತ ರಾಗ ಮೈಗೂಡುವ ಆ ಅವಕಾಶ ನಿಮ್ಮ ಶಿಷ್ಯೆಗೆ ಎಷ್ಟು ದಿನ ಸಿಕ್ಕಿತು? ಕಲ್ಯಾಣಿಯೊಂದನ್ನೇ ಎರಡು ತಿಂಗಳು ಹಾಡಿಸಿದ್ದರೆ, ಅವಳು ಆ ಮೂರೇ ನಿಮಿಷಗಳಲ್ಲಿ ತನ್ನದೆನ್ನುವ ನಾಲ್ಕು ಸಂಚಾರಗಳನ್ನಾದರೂ ಇಟ್ಟುಬರುತ್ತಿದ್ದಳು.

ಕೇಳ್ಮೆಯ ಮಾತು ಬಂದಾಗ ನನಗೆ ಸಂಕಟವಾಗುತ್ತದೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಿಂದ ರಾಮನವಮಿಯ ಸಂಗೀತೋತ್ಸವ ನಡೆದುಕೊಂಡು ಬಂದಿದೆ. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರವಿದೆ. ಸಣ್ಣ ಊರುಗಳಲ್ಲೂ ತ್ಯಾಗರಾಜರ, ಪುರಂದರದಾಸರ ಆರಾಧನೆಗಳು ನಡೆಯುತ್ತವೆ. ಈ ಸಭೆಗಳಲ್ಲಿ ಸಂಗೀತ ವಿದ್ಯಾರ್ಥಿಗಳನ್ನು ನಾನು ಹುಡುಕುತ್ತೇನೆ. ಬಂದವರಲ್ಲೂ ಎಷ್ಟೋ ಮಂದಿ ಮೃದಂಗದವರಷ್ಟೇ ನುಡಿಸುವ ತನಿ ಆವರ್ತನ ಶುರುವಾದೊಡನೆ ಚೀಲ ಹೆಗಲಿಗೇರಿಸಿ ಏಳುತ್ತಾರೆ. ಅವರೇ ಮರುವರ್ಷ ಪರೀಕ್ಷೆಯಲ್ಲಿ ಪಲ್ಲವಿಗೆ ತ್ರಿಕಾಲ ಮಾಡಲು, ಅಂದರೆ ಅದನ್ನು ಮೂರು ವೇಗಗಳಲ್ಲಿ ಹಾಡಲು, ಕುಳಿತು ಲಯ ತಪ್ಪಿದೆವೆಂದು ಅಳುತ್ತಾರೆ. ಶಾಲೆಗಳೋ ನೂರಕ್ಕೆ ನೂರು ಫಲಿತಾಂಶವೆಂದು ಬ್ಯಾನರು ಕಟ್ಟುತ್ತವೆ. ಆ ಬ್ಯಾನರಿನಲ್ಲಿ ಫೋಟೋ ಬಂದ ಮಕ್ಕಳಲ್ಲಿ ಐದು ವರ್ಷಗಳ ಮೇಲೆ ತಂಬೂರಿ ಮುಟ್ಟುವವರು ಎಷ್ಟು ಮಂದಿ ಎಂದು ಯಾರೂ ಕೇಳುವುದಿಲ್ಲ.

ನಿಮ್ಮ ಶಿಷ್ಯೆ ಮತ್ತೆ ಪರೀಕ್ಷೆಗೆ ಕೂರುತ್ತಾಳೆಂದು ಬರೆದಿದ್ದೀರಿ, ಸಂತೋಷ. ಅಲ್ಲಿಯವರೆಗೆ ತಿಂಗಳಿಗೊಂದು ಶನಿವಾರ ಸಂಜೆ ನಿಮ್ಮ ಮನೆಯ ಹಜಾರದಲ್ಲಿ ಜಮಖಾನ ಹಾಸಿ ನೆರೆಹೊರೆಯ ಹತ್ತು ಜನರನ್ನು ಕೂರಿಸಿ. ಬರೆದಿಟ್ಟ ಸ್ವರದ ಪುಸ್ತಕ ಒಳಗಿನ ಕೋಣೆಯಲ್ಲೇ ಇರಲಿ. ಯಾವ ರಾಗವೆಂಬುದನ್ನು ಅವಳಿಗೆ ತಂಬೂರಿ ಶ್ರುತಿಗೂಡಿದ ಮೇಲಷ್ಟೇ ಹೇಳಿ. ನಡುವೆ ಅವಳು ತಡವರಿಸಿ ನಿಂತರೆ ದಯವಿಟ್ಟು ನೀವು ಎತ್ತಿಕೊಡಬೇಡಿ, ಅವಳೇ ಎತ್ತಿಕೊಳ್ಳುವವರೆಗೆ ಕಾಯಿರಿ. ಮೊದಲ ಶನಿವಾರ ಅವಳು ಎಲ್ಲಿ ನಿಂತಳು, ಎಲ್ಲಿಂದ ಎತ್ತಿಕೊಂಡಳು ಎಂದು ನನಗೆ ಇನ್ನೊಂದು ಕಾಗದ ಬರೆಯಿರಿ.